ಇನ್ಸ್‌ಪೆಕ್ಟರರ ತಲೆಯ ಮೇಲಿನ ಹಲಗೆ

ಡ್ರಿಲ್ ಮಷೀನಿಗೆ ಅರ್ಧ ತಿಂಗಳ ಸಂಬಳ ಹೋಗಿತ್ತು. ಗರಗಸ, ಉಳಿ, ಉಜ್ಜುಗೊರಡು ಸೇರಿ ಹೆಂಡತಿಯ ಹೊಸ ಚಪ್ಪಲಿಯನ್ನೂ ಮಳೆಗಾಲದ ಕೊಡೆಯನ್ನೂ ನುಂಗಿದ್ದವು. ಹಲಗೆ ಓರೆಯೋ ನೇರವೋ ನೋಡುವ ರಸಮಟ್ಟ ಕೊಂಡ ತಿಂಗಳು ಮನೆಗೆ ಹಾಲು ಅರ್ಧಕ್ಕರ್ಧ ಕಡಿಮೆಯಾಯಿತು. ಇಷ್ಟೆಲ್ಲ ಸುರಿದು ನೀರು ಸರಬರಾಜು ಕಚೇರಿಯ ಗುಮಾಸ್ತ ವರ್ಷವಿಡೀ ಮಾಡಿದ್ದು ಒಂದು ಸ್ಟೂಲು, ಒಂದು ಚಪ್ಪಲಿ ಗೂಡು, ಒಂದು ಹಕ್ಕಿಗೂಡು. ಸ್ಟೂಲಿನ ಮೇಲೆ ಕೂತವರು ದೋಣಿಯಲ್ಲಿ ಕೂತಂತೆ ತೂಗುತ್ತಿದ್ದರು. ಚಪ್ಪಲಿ ಗೂಡಿನಲ್ಲಿ ಮಕ್ಕಳ ಚಪ್ಪಲಿ ಬಿಟ್ಟು ಬೇರೇನೂ ಹಿಡಿಸುತ್ತಿರಲಿಲ್ಲ, ಮನೆಯಲ್ಲಿ ಮಕ್ಕಳಿರಲಿಲ್ಲ. ಹಕ್ಕಿಗೂಡಿಗೆ ಬಾಗಿಲು ಕೊರೆಯುವುದನ್ನೇ ಅವನು ಮರೆತಿದ್ದ.

"ಇವು ಮೂರನ್ನೂ ಅಂಗಡೀಲಿ ತಗೊಂಡಿದ್ರೆ, ಉಳಿದ ದುಡ್ಡಲ್ಲಿ ಅಂಗಡಿಯವನನ್ನೂ ತಗೋಬಹುದಿತ್ತು," ಅನ್ನುತ್ತಿದ್ದಳು ಹೆಂಡತಿ.

ಹೀಗಿರುವಾಗ ಪಕ್ಕದ ಮನೆಯ ನಿವೃತ್ತ ಇನ್ಸ್‌ಪೆಕ್ಟರರು, "ಏನ್ರೀ ಗುಮಾಸ್ತ್ರೇ, ನಮ್ಮ ಮಂಚದ ತಲೆದೆಸೆಗೆ ಒಂದು ಶೆಲ್ಫ್ ಹಾಕಿಕೊಡ್ತೀರಾ? ರಾತ್ರಿ ಓದೋ ಪುಸ್ತಕ ಇಡೋಕೆ," ಎಂದು ಕೇಳಿಬಿಟ್ಟರು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವನ ಕೈಕೆಲಸವನ್ನು ಬಾಯಿಬಿಟ್ಟು ಕೇಳಿದ್ದರು. ಗುಮಾಸ್ತ ಮೂರು ಸಂಜೆ ಹಲಗೆ ಉಜ್ಜಿದ. ಭಾನುವಾರ ಬೆಳಿಗ್ಗೆ ಹೋಗಿ ಗೋಡೆ ಕೊರೆದು, ಕಬ್ಬಿಣದ ಎರಡು ಮೂಲೆಪಟ್ಟಿ ಕೂರಿಸಿ, ಅವುಗಳ ಮೇಲೆ ಹಲಗೆ ಬಿಗಿದ. ಇನ್ಸ್‌ಪೆಕ್ಟರರು ಅಷ್ಟು ಹೊತ್ತೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಳ್ಳನ ಪಕ್ಕ ನಿಂತ ಹಾಗೆ ಪಕ್ಕದಲ್ಲೇ ನಿಂತಿದ್ದರು. ಗುಮಾಸ್ತನ ಬೆವರು ಗೋಡೆಗೂ ಹತ್ತಿತು. ಆದರೂ ಸ್ಕ್ರೂಗಳು ಬೆಣ್ಣೆಯೊಳಗೆ ಹೋದಂತೆ ಸಲೀಸಾಗಿ ಹೋದವು. ಅದು ತನ್ನ ಕೈಚಳಕವೆಂದು ಅವನು ತಿಳಿದ.

"ಗಟ್ಟಿಯಿದೆಯೇನ್ರೀ?" ಎಂದರು ಇನ್ಸ್‌ಪೆಕ್ಟರರು.

"ಆನೆ ಕೂತ್ರೂ ಅಲ್ಲಾಡಲ್ಲ ಸಾರ್."

ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸುವಾಗ ಜೇಬಿನಿಂದ ಏನೋ ಟಪಟಪನೆ ನೆಲಕ್ಕೆ ಬಿತ್ತು. ಬಗ್ಗಿ ನೋಡಿದ. ನಾಲ್ಕು ಪ್ಲಾಸ್ಟಿಕ್ ಗೂಟ. ಗೋಡೆಯ ತೂತಿನೊಳಗೆ ಮೊದಲು ಇವನ್ನು ತೂರಿಸಬೇಕು, ಆಮೇಲೆ ಇವುಗಳೊಳಗೆ ಸ್ಕ್ರೂ ತಿರುಗಿಸಬೇಕು. ಗೂಟವಿದ್ದರೆ ಸ್ಕ್ರೂ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಇಲ್ಲದಿದ್ದರೆ ಬರೀ ಸುಣ್ಣದ ಪುಡಿಯಲ್ಲಿ ನಿಂತಿರುತ್ತದೆ, ಮುದುಕರ ಬಾಯಲ್ಲಿ ಹಲ್ಲು ನಿಂತ ಹಾಗೆ.

ನಾಲ್ಕಕ್ಕೆ ನಾಲ್ಕೂ ಜೇಬಿನಲ್ಲೇ ಉಳಿದಿದ್ದವು.

ಆ ಹಲಗೆಯ ನೇರ ಕೆಳಗೆ ದಿಂಬು. ಆ ದಿಂಬಿನ ಮೇಲೆ ಊಟವಾದ ಕೂಡಲೇ ಬಂದು ಬೀಳುವ ಇನ್ಸ್‌ಪೆಕ್ಟರರ ತಲೆ. ಬರೀ ಪುಸ್ತಕವಾದರೆ ಬುಗುಟು ಬಂದೀತು, ಅಷ್ಟೆ ಎಂದು ಸಮಾಧಾನ ಮಾಡಿಕೊಂಡು, ಗೂಟಗಳನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕದ ಮನೆಗೆ ಓಡಿದ.

ಬಾಗಿಲು ತೆಗೆದದ್ದು ಇನ್ಸ್‌ಪೆಕ್ಟರರ ಹೆಂಡತಿ. "ಬನ್ನಿ ಬನ್ನಿ, ನಿಮ್ಮ ಶೆಲ್ಫ್ ಎಷ್ಟು ಚೆನ್ನಾಗಿ ಕಾಣತ್ತೆ ನೋಡಿ!"

ಅವನು ನೋಡಿದ. ನೋಡಬಾರದಿತ್ತು. ಹಲಗೆಯ ಮೇಲೆ ಪುಸ್ತಕ ಒಂದೂ ಇರಲಿಲ್ಲ. ಇನ್ಸ್‌ಪೆಕ್ಟರರು ಸರ್ವಿಸ್ಸಿನಲ್ಲಿ ಗೆದ್ದ ಹಿತ್ತಾಳೆ ಕಪ್ಪುಗಳು ಸಾಲಾಗಿ ನಿಂತಿದ್ದವು. ಆ ಕಡೆ ತುದಿಗೊಂದು, ಈ ಕಡೆ ತುದಿಗೊಂದು ಕಬ್ಬಿಣದ ಡಂಬೆಲ್ ಕಾವಲಿಗೆ ಕೂತಿತ್ತು.

"ಅಕ್ಕಾ, ಡಂಬೆಲ್ ಯಾಕೆ ಇಟ್ರಿ?"

"ಕಾಲಿಗೆ ಎಡವುತ್ತಿತ್ತು. ಆನೆ ಕೂತ್ರೂ ಅಲ್ಲಾಡಲ್ಲ ಅಂದ್ರಂತಲ್ಲ ನೀವು!"

"ಅಂದೆ... ಆದ್ರೆ ಆನೆ ಬೇರೆ, ಡಂಬೆಲ್ ಬೇರೆ ಅಕ್ಕಾ. ಒಂದ್ ನಿಮಿಷ ಎಲ್ಲಾ ಇಳಿಸಿ, ಹಲಗೆಗೆ ಪಾಲಿಷ್ ಒಂದು ಕೈ..."

"ಅಯ್ಯೋ ಈಗಷ್ಟೇ ಒರೆಸಿ ಜೋಡಿಸಿದೀನಿ! ಪಾಲಿಷ್ ಮುಂದಿನ ವಾರ ಮಾಡಿದ್ರಾಯ್ತು," ಎಂದು ಆಕೆ ಅವನನ್ನು ಬಾಗಿಲವರೆಗೆ ಬಿಟ್ಟುಬಂದರು.

ನಿಜ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಬಚ್ಚಲುಮನೆಯಿಂದ ಇನ್ಸ್‌ಪೆಕ್ಟರರು ಕೆಮ್ಮಿದ ಸದ್ದು ಬಂತು. ಆ ಕೆಮ್ಮು ಎಂಥದೆಂದರೆ, ಕೇಳಿದವರು ಮಾಡದ ತಪ್ಪನ್ನೂ ಒಪ್ಪಿಕೊಂಡುಬಿಡಬೇಕು. ಮಾಡಿದ ತಪ್ಪನ್ನು ಒಪ್ಪಿಕೊಳ್ಳಲು ಮಾತ್ರ ಗುಮಾಸ್ತನಿಗೆ ಬಾಯಿ ಬರಲಿಲ್ಲ.

ಬೀದಿಯಲ್ಲಿ ಎದುರುಮನೆಯ ಕಾಂಪೌಂಡರ್ ಸಿಕ್ಕಿದ. ಔಷಧಿಯನ್ನು ಅಳೆದು ಕೊಟ್ಟು, ಸುದ್ದಿಯನ್ನು ಮಾತ್ರ ಅಳತೆಯಿಲ್ಲದೆ ಹಂಚುವ ಮನುಷ್ಯ. ಗುಮಾಸ್ತನಿಗೆ ಅದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

"ಕಾಂಪೌಂಡರೇ, ಸುಮ್ನೆ ಮಾತಿಗೆ ಕೇಳ್ತೀನಿ. ಮಲಗಿರೋ ಮನುಷ್ಯನ ತಲೆ ಮೇಲೆ ಭಾರದ ವಸ್ತು ಬಿದ್ರೆ ಏನಾಗತ್ತೆ?"

"ಎಷ್ಟು ಭಾರ?"

"ಒಂದು ಹಲಗೆ. ಅದರ ಮೇಲೆ ಒಂದಷ್ಟು ಕಬ್ಬಿಣ, ಹಿತ್ತಾಳೆ."

"ಎಷ್ಟು ಎತ್ತರದಿಂದ?"

"ಆಳೆತ್ತರ ಅನ್ನಿ."

ಕಾಂಪೌಂಡರ್ ಗಲ್ಲ ಕೆರೆದುಕೊಂಡು ಲೆಕ್ಕ ಹಾಕಿದ. "ಏಳಲ್ಲ."

"ನೋವಾಗತ್ತಾ?"

"ಅವನಿಗಾಗಲ್ಲ. ಮನೆಯವರಿಗೆ ಆಗತ್ತೆ."

"ಅದು ಆಕಸ್ಮಿಕ ಅಂತ ಜನ ನಂಬ್ತಾರಾ?"

ಕಾಂಪೌಂಡರನ ಕೈ ಗಲ್ಲದ ಮೇಲೇ ನಿಂತುಹೋಯಿತು. "ಯಾಕ್ರೀ ಇದೆಲ್ಲ ಕೇಳ್ತಿದೀರಾ?"

"ಏನಿಲ್ಲ, ಹೀಗೇ ತಿಳ್ಕೊಳ್ಳೋಣ ಅಂತ," ಎಂದು ನಗಲು ಹೋದ ಗುಮಾಸ್ತ. ಹಲ್ಲುಗಳು ಹೊರಗೆ ಬಂದವು, ನಗು ಬರಲಿಲ್ಲ. ಕಾಂಪೌಂಡರ್ ಎರಡು ಹೆಜ್ಜೆ ಹಿಂದೆ ಸರಿದು, ಚಪ್ಪಲಿಯನ್ನು ಅಲ್ಲೇ ಮರೆತು ಬರಿಗಾಲಲ್ಲಿ ಮನೆಯೊಳಗೆ ಹೋದ.

ಮಧ್ಯಾಹ್ನ ಗುಮಾಸ್ತ ಅರ್ಧ ಊಟಕ್ಕೇ ಎದ್ದ. ಪಕ್ಕದ ಮನೆಯಲ್ಲಿ ತಟ್ಟೆ ತೊಳೆದ ಸದ್ದಾಯಿತು. ಇನ್ಸ್‌ಪೆಕ್ಟರರು ಬಾಯಿ ಮುಕ್ಕಳಿಸಿದ ಸದ್ದಾಯಿತು. ಇನ್ನು ಮಲಗುವುದೊಂದೇ ಬಾಕಿ. ಅವರನ್ನು ಮಲಗಲು ಬಿಡಬಾರದು! ಗುಮಾಸ್ತ ಸುತ್ತಿಗೆ ತಂದು, ಗೋಡೆಗೆ ಒಂದು ದೊಡ್ಡ ಮೊಳೆಯಿಟ್ಟು ಬಡಿಯತೊಡಗಿದ. ಢಣ್! ಢಣ್! ಢಣ್!

"ರೀ, ಅಲ್ಲಿ ಮೊಳೆ ಯಾಕೆ?" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು.

"ಕ್ಯಾಲೆಂಡರ್ ಹಾಕೋಕೆ!"

"ನಮ್ಮನೇಲಿ ಕ್ಯಾಲೆಂಡರೇ ಇಲ್ವಲ್ಲ!"

ಹತ್ತು ಹನ್ನೆರಡು ಏಟು ಬಿದ್ದ ಮೇಲೆ ಅವನ ಕೈ ಗಾಳಿಯಲ್ಲೇ ನಿಂತಿತು. ಇದು ಸಾಲುಮನೆ. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ತಾನು ಈ ಕಡೆಯಿಂದ ಬಡಿಯುತ್ತಿರುವ ಗೋಡೆಯ ಆ ಕಡೆಯಲ್ಲೇ ಹಲಗೆಯಿದೆ. ತನ್ನ ಒಂದೊಂದು ಏಟಿಗೂ ಅಲ್ಲಿ ಒಂದೊಂದು ಸ್ಕ್ರೂ ಗೋಡೆಯಿಂದ ತಲೆ ಹೊರಗೆ ಹಾಕಿರಬೇಕು. ಸುತ್ತಿಗೆ ತಾನಾಗಿ ಕೈಯಿಂದ ಜಾರಿ ಕಾಲ ಹೆಬ್ಬೆರಳ ಮೇಲೆ ಬಿತ್ತು. ನೋವಿಗೆ ಕೂಗಿಕೊಳ್ಳಲೂ ಹೆದರಿದ, ಗೋಡೆ ಅದುರೀತೆಂದು.

ಅಷ್ಟರಲ್ಲಿ ಬಾಗಿಲು ಧಡಧಡ ಬಡಿದ ಸದ್ದು. ಬನಿಯನ್ನಿನಲ್ಲೇ ಬಂದಿದ್ದ ಇನ್ಸ್‌ಪೆಕ್ಟರರು ಕೆಂಡದಂತಿದ್ದರು. "ಏನ್ರೀ ಅದು! ಭಾನುವಾರ ಮನುಷ್ಯ ಒಂದು ಗಳಿಗೆ ಕಣ್ಣು ಮುಚ್ಚಬಾರದಾ?"

"ಮುಚ್ಚಬೇಡಿ ಸಾರ್!"

"ಏನಂದ್ರಿ?"

"ಅಂದ್ರೆ... ಹಗಲು ನಿದ್ದೆ ಮೈಗೆ ಒಳ್ಳೇದಲ್ಲ ಅಂತಾರೆ. ಇಲ್ಲೇ ಕೂತ್ಕೊಳ್ಳಿ, ಟೀ ಮಾಡಿಸ್ತೀನಿ, ಸಂಜೆವರೆಗೂ ಮಾತಾಡೋಣ."

"ನನ್ನ ಮೈ ನಾನು ನೋಡ್ಕೋತೀನಿ. ಇನ್ನೊಂದು ಏಟು ಕೇಳಿಸ್ಲಿ ಗುಮಾಸ್ತ್ರೇ..." ಅವರು ಮಾತು ಮುಗಿಸಲಿಲ್ಲ. ಮುಗಿಸಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಗೊರಕೆ ಶುರುವಾಯಿತು. ಗುಮಾಸ್ತ ಗೋಡೆಗೆ ಕಿವಿಯಿಟ್ಟು ಕೂತ. ಗೊರಕೆ ಏರಿದಾಗ ಉಸಿರು ಬಿಡುತ್ತಿದ್ದ, ಇಳಿದಾಗ ಬಿಗಿಹಿಡಿಯುತ್ತಿದ್ದ. ಮನುಷ್ಯನ ಗೊರಕೆ ಇಷ್ಟು ಇಂಪಾಗಿರುತ್ತದೆಂದು ಅವನಿಗೆ ಅಂದೇ ತಿಳಿದದ್ದು. ನಡುವೆ ಒಮ್ಮೆ ಗೋಡೆಯೊಳಗೆ ಸಣ್ಣಗೆ 'ಕಿರ್' ಎಂದಿತು. ಇನ್ನು ಕೂತಿರಲಾಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೂಟಗಳನ್ನು ಬಾಯಲ್ಲಿ ಕಚ್ಚಿಕೊಂಡು ಹಿತ್ತಲಿನಿಂದ ನುಸುಳಿದ.

ಇನ್ಸ್‌ಪೆಕ್ಟರರ ಹೆಂಡತಿ ಟೈಲರ್ ಅಂಗಡಿಗೆ ಹೋಗಿದ್ದರು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಅದರ ಪಕ್ಕದಲ್ಲೇ ಮಲಗುವ ಕೋಣೆ. ಪರದೆ ಎಳೆದಿದ್ದರಿಂದ ಒಳಗೆ ಅರೆಗತ್ತಲು. ಗೊರಕೆ ಇಡೀ ಮನೆಯನ್ನು ತುಂಬಿಕೊಂಡಿತ್ತು. ಮಂಚದ ಮೇಲೆ ಇನ್ಸ್‌ಪೆಕ್ಟರರು ತಲೆಯಿಂದ ಕಾಲಿನವರೆಗೆ ಕಂಬಳಿ ಮುಚ್ಚಿ ಬೆಟ್ಟದಂತೆ ಬಿದ್ದುಕೊಂಡಂತೆ ಕಂಡಿತು. ಮೇಲೆ ಹಲಗೆ ಮೂಗು ಮುಂದೆ ಮಾಡಿ, ಕೆಳಗೆ ಯಾರಿದ್ದಾರೆಂದು ಇಣುಕಿ ನೋಡುವಂತೆ ಬಾಗಿತ್ತು.

ಗುಮಾಸ್ತ ಉಸಿರು ಕಟ್ಟಿ ಮಂಚದ ಅಂಚಿಗೆ ಹತ್ತಿದ. ಮೊದಲು ಡಂಬೆಲ್ ಇಳಿಸೋಣವೆಂದು ಕೈ ಚಾಚಿದ. ಬೆರಳು ಸೋಕಿತೋ ಇಲ್ಲವೋ, ಒಂದು ಸ್ಕ್ರೂ ಗೋಡೆ ಬಿಟ್ಟು ಪುಟ್ಟನೆ ಕಂಬಳಿಯ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಕಪ್ಪು, ಡಂಬೆಲ್, ಕಬ್ಬಿಣದ ಪಟ್ಟಿಗಳ ಸಮೇತ ಇಡೀ ಹಲಗೆ ಅವನ ಎರಡು ಅಂಗೈಗಳ ಮೇಲೆ ಬಂದು ಕೂತಿತು.

ಈಗ ಇಳಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ. ಕೂಗೋಣವೆಂದರೆ ಬಾಯಲ್ಲಿ ಗೂಟ. ಕೂಗಿದರೂ ಇವರು ಎದ್ದು ಕೂತಾರು, ಎದ್ದು ಕೂತರೆ ತಲೆ ಇನ್ನೂ ಹತ್ತಿರ ಬಂದೀತು. ಭಾರಕ್ಕೆ ಹಲಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿತು. ಕಪ್ಪುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಒಂದು ನೊಣ ಬಂದು ಅವನ ಮೂಗಿನ ತುದಿಯಲ್ಲಿ ಕೂತು, ಮುಂಗಾಲು ಉಜ್ಜಿಕೊಂಡು, ಇಲ್ಲೇ ಇದ್ದುಬಿಡೋಣವೆಂದು ತೀರ್ಮಾನಿಸಿದಂತೆ ಕಂಡಿತು. ಗೊರಕೆ ಒಮ್ಮೆ ಗಕ್ಕನೆ ನಿಂತಿತು. ಗುಮಾಸ್ತನ ಎದೆಯೂ ನಿಂತಿತು. ಗೊರಕೆ ಮತ್ತೆ ಶುರುವಾದ ಮೇಲೆ ಎದೆ ಶುರುವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಇತ್ತ ಕಾಂಪೌಂಡರ್ ಗುಮಾಸ್ತನ ಹೆಂಡತಿಗೆ, "ನಿಮ್ಮ ಯಜಮಾನ್ರು ಮಲಗಿರೋರನ್ನ ಕೊಲ್ಲೋಕೆ ಎಷ್ಟು ತೂಕ ಬೇಕು ಅಂತ ವಿಚಾರಿಸ್ತಿದ್ರು, ಹುಷಾರಮ್ಮ," ಎಂದು ಹೇಳುತ್ತಿದ್ದ. ಸ್ವಲ್ಪ ಮುಂಚೆಯಷ್ಟೇ ಗಂಡ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಪಕ್ಕದ ಮನೆಯ ಹಿತ್ತಲು ಹೊಕ್ಕದ್ದನ್ನು ಅವಳು ಕಿಟಕಿಯಿಂದ ಕಂಡಿದ್ದಳು. ಇಬ್ಬರೂ ಓಡಿ ಬಂದರು. ಬಂದು ನೋಡಿದರೆ ಅರೆಗತ್ತಲಲ್ಲಿ ಗುಮಾಸ್ತ ಮಂಚದ ಮೇಲೆ ನಿಂತು, ಮಲಗಿದವರ ತಲೆಯ ಮೇಲೆ ಕಬ್ಬಿಣ ತುಂಬಿದ ಹಲಗೆಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದಿದ್ದಾನೆ.

"ರೀ! ಬೇಡಾ ರೀ! ಅವರು ನಮಗೇನು ಮಾಡಿದ್ರು!" ಎಂದು ಹೆಂಡತಿ ಕಿರುಚಿದಳು.

ಗುಮಾಸ್ತ ಬೆಚ್ಚಿಬಿದ್ದ. ಹಲಗೆಯೂ ಬಿತ್ತು.

ಧಡಾರ್!

ಕಪ್ಪುಗಳು ಉರುಳಿ ಕೋಣೆಯ ಮೂಲೆಮೂಲೆಗೂ ಹೋದವು. ಡಂಬೆಲ್ಲುಗಳು ಕಂಬಳಿಯೊಳಗೆ ಹೂತುಹೋದವು. ಕಂಬಳಿಯಡಿಯಿಂದ ಒಂದು 'ಅಮ್ಮಾ' ಕೂಡ ಬರಲಿಲ್ಲ. ಗೊರಕೆ ನಿಂತಿತ್ತು.

ಗುಮಾಸ್ತ ಮಂಚದಿಂದ ಇಳಿಯಲಿಲ್ಲ, ಸೋರಿದ. ನೆಲಕ್ಕೆ ಮಂಡಿಯೂರಿ, ಬಾಯಿಂದ ಗೂಟ ಉಗುಳಿ ಗೊಳೋ ಎಂದ. "ನಾನೇ ಕೊಂದೆ! ಗೂಟ ಹಾಕೋದು ಮರೆತೆ! ಬೆಳಿಗ್ಗೇನೇ ಗೊತ್ತಾಯ್ತು, ಮರ್ಯಾದೆ ಹೋಗತ್ತೆ ಅಂತ ಬಾಯಿ ಬಿಡ್ಲಿಲ್ಲ. ಮೇಲಿಂದ ಸುತ್ತಿಗೆ ತಗೊಂಡು ಬಡಿದು ಬಡಿದು ಸ್ಕ್ರೂ ಸಡಿಲ ಮಾಡಿದ್ದೂ ನಾನೇ! ನನ್ನನ್ನ ಹಿಡ್ಕೊಂಡು ಹೋಗಿ! ಅಯ್ಯೋ, ಪುಣ್ಯಾತ್ಮ ಒಂದು ಸಲ ಕೂಗಲೂ ಇಲ್ಲ!"

"ಸತ್ತಿದ್ದು ಯಾರ್ರೀ?" ಎಂದಿತು ಬಾಗಿಲಿನಿಂದ ಒಂದು ಧ್ವನಿ.

ಗುಮಾಸ್ತ ತಿರುಗಿದ. ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿದ್ದ ಇನ್ಸ್‌ಪೆಕ್ಟರರು ಹಜಾರದ ಕಡೆಯಿಂದ ಬಂದು ನಿಂತಿದ್ದರು. ಸತ್ತ ಮೇಲೂ ವಿಚಾರಣೆಗೆ ಬಂದಿದ್ದಾರೆಂದು ಅವನು ಕಣ್ಣು ಮುಚ್ಚಿಕೊಂಡ.

ಕಾಂಪೌಂಡರ್ ಕಂಬಳಿ ಸರಿಸಿದ. ಬಿಸಿಲಿಗೆ ಹಾಕಿ ತಂದು ಪೇರಿಸಿದ್ದ ರಜಾಯಿಗಳು, ದಿಂಬುಗಳು. "ಹೌದಲ್ಲ, ಬೆನ್ನು ನೋವಿಗೆ ಚಾಪೆ ಹಾಕ್ಕೊಂಡು ನೆಲದ ಮೇಲೆ ಮಲಗಿ ಅಂತ ಮೊನ್ನೆ ನಾನೇ ಇವರಿಗೆ ಹೇಳಿದ್ದೆ," ಎಂದ.

"ಮತ್ತೆ ಬೆಳಿಗ್ಗೆ ನನಗ್ಯಾಕ್ರೀ ಹೇಳ್ಲಿಲ್ಲ!" ಎಂದು ಗುಮಾಸ್ತ ಕಣ್ಣು ಬಿಟ್ಟ.

"ನೀವು ಇವರ ತಲೆ ಅಂದ್ರಾ? ನಾನು ನಿಮ್ಮ ಮನೆಯವರದು ಅಂದ್ಕೊಂಡಿದ್ದೆ."

ಹೆಂಡತಿ ಗಂಡನ ಕಡೆ ನೋಡಿದ ನೋಟಕ್ಕೆ ಡಂಬೆಲ್ಲೇ ವಾಸಿಯಾಗಿತ್ತು.

ಇನ್ಸ್‌ಪೆಕ್ಟರರು ಮಂಚದ ಮೇಲೆ ಬಿದ್ದಿದ್ದ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಬೇಸರವಿತ್ತು. "ಗುಮಾಸ್ತ್ರೇ, ಸದ್ದು ಕೇಳಿ ಎಚ್ಚರವಾದಾಗ ನಾನೇನು ಅಂದ್ಕೊಂಡೆ ಗೊತ್ತಾ? ಪುಸ್ತಕಕ್ಕೆ ಅಂತ ಮಾಡಿಕೊಟ್ಟ ಹಲಗೆ ಮೇಲೆ ನಮ್ಮವಳು ಕಬ್ಬಿಣ ಹೇರಿದ್ಲು, ಅದಕ್ಕೇ ಬಿತ್ತು, ತಪ್ಪೆಲ್ಲ ನಮ್ಮದೇ ಅಂತ. ನಿಮ್ಮ ಹತ್ರ ಕ್ಷಮೆ ಕೇಳಿ, ಈ ಸಲ ದುಡ್ಡು ಕೊಟ್ಟು ಇನ್ನೊಂದು ಮಾಡಿಸ್ಕೋಬೇಕು ಅಂದ್ಕೊಂಡೇ ಎದ್ದು ಬಂದೆ. ಇಲ್ಲಿ ನೀವೇ ನಿಂತು ಹೇಳಿಕೆ ಕೊಡ್ತಿದ್ದೀರಿ. ಅದೂ ಇಬ್ಬರು ಸಾಕ್ಷಿಗಳ ಮುಂದೆ."

ಗುಮಾಸ್ತನ ಬಾಯಿಂದ ಬರಬಾರದ್ದೆಲ್ಲ ಆಗಲೇ ಬಂದುಹೋಗಿತ್ತು.

"ಆ ಡ್ರಿಲ್ಲು, ಗರಗಸ ಎಲ್ಲಾ ಎಲ್ಲಿವೆ?" ಎಂದರು ಇನ್ಸ್‌ಪೆಕ್ಟರರು.

"ಮನೇಲಿ ಸಾರ್."

"ತಗೊಂಡು ಬನ್ನಿ. ನಿಮ್ಮ ಕೈಯಲ್ಲಿ ಇವು ಇದ್ರೆ ಬೀದಿಗೇ ಅಪಾಯ. ನನ್ನ ವಶದಲ್ಲಿ ಇರ್ಲಿ."

ಹೆಂಡತಿಯೇ ಓಡಿಹೋಗಿ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಬಂದಳು. ಇಷ್ಟು ಚುರುಕಾಗಿ ಅವಳು ಓಡಿದ್ದನ್ನು ಗುಮಾಸ್ತ ಮದುವೆಯಾದ ಮೇಲೆ ನೋಡಿರಲಿಲ್ಲ.

ನಿವೃತ್ತರಾದ ಮೇಲೆ ಇನ್ಸ್‌ಪೆಕ್ಟರರ ಕೈಗೆ ಕೆಲಸವಿರಲಿಲ್ಲ. ವಶಪಡಿಸಿಕೊಂಡ ಮಾಲನ್ನು ಪರೀಕ್ಷಿಸೋಣವೆಂದು ಡ್ರಿಲ್ಲಿನ ಗುಂಡಿ ಒತ್ತಿದರು. ಅದು 'ಝುಯ್' ಎಂದದ್ದೇ ತಡ, ಅವರ ಮುಖ ಚಿಕ್ಕ ಮಗುವಿನದಾಯಿತು. ಸಂಜೆ ದೀಪ ಹಾಕುವ ಹೊತ್ತಿಗೆ, ಅದೇ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಗುಮಾಸ್ತನ ಬಾಗಿಲಿಗೆ ಬಂದರು.

"ಬಿದ್ದ ಹಲಗೆ ನಮಗೆ ಬೇಡ ಅಂತಾಳೆ ನಮ್ಮವಳು. ನಿಮ್ಮ ಮಂಚದ ಮೇಲೆ ಜಾಗ ಖಾಲಿ ಇದೆಯಂತಲ್ಲ? ನಾನೇ ಹಾಕಿಕೊಡ್ತೀನಿ. ಇದು ನನ್ನ ಮೊದಲನೇ ಕೆಲಸ."

ಬೇಡವೆನ್ನಲು ಗುಮಾಸ್ತ ಯಾರು? ಅವರು ಕೊರೆದರು, ಬಡಿದರು, ಬಿಗಿದರು. ಗುಮಾಸ್ತ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತ. ಗೂಟ ಹಾಕಿದಿರಾ ಎಂದು ಕೇಳುವ ಎದೆ ಅವನಿಗಿರಲಿಲ್ಲ. ಇನ್ಸ್‌ಪೆಕ್ಟರರು ಹೋದ ಮೇಲೆ ಹೆಂಡತಿ ಸ್ಟೂಲು, ಚಪ್ಪಲಿ ಗೂಡು ಎರಡನ್ನೂ ಎತ್ತಿ ಆ ಹಲಗೆಯ ಮೇಲಿಟ್ಟು, ತನ್ನ ಹಾಸಿಗೆಯನ್ನು ಹಜಾರಕ್ಕೆ ಎಳೆದುಕೊಂಡು ಹೋದಳು.

ಡ್ರಿಲ್ಲು, ಗರಗಸ, ಉಳಿ, ಉಜ್ಜುಗೊರಡು, ರಸಮಟ್ಟ ಅಷ್ಟೂ ಹೋದವು. ಮಂಚದ ಮೇಲೊಂದು ಹಲಗೆ ಬಂತು. ಅದರ ಕೆಳಗೆ ಮಲಗುವ ಧೈರ್ಯ ಬರಲಿಲ್ಲ.