ಮೂರು ಪೆಟ್ಟಿಗೆ, ಮೂರು ತಲೆ

ಕೈಯಲ್ಲಿ ಕತ್ತಿ ಇರುವಾಗ ವಾದಕ್ಕೆ ಇಳಿಯಬಾರದು. ಸೆಲೂನಿನವನಿಗೆ ಅವನ ಗುರು ಬಾಚಣಿಗೆ ಹಿಡಿಯುವುದಕ್ಕೂ ಮೊದಲು ಕಲಿಸಿದ ಪಾಠ ಇದು. ಇಪ್ಪತ್ತೆರಡು ವರ್ಷಗಳಿಂದ ಅವನು ಅದನ್ನು ತಪ್ಪದೆ ಪಾಲಿಸಿಕೊಂಡು ಬಂದಿದ್ದ. ಕುರ್ಚಿಯಲ್ಲಿ ಕೂತವರು ಸೂರ್ಯ ಪಡುವಣದಲ್ಲಿ ಹುಟ್ಟುತ್ತಾನೆ ಎಂದರೂ, "ನೀವು ಹೇಳಿದ ಮೇಲೆ ಮುಗೀತು" ಎಂದು ಕತ್ತರಿ ಆಡಿಸುತ್ತಿದ್ದ. ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದ ಮಾತನ್ನು ಗಿರಾಕಿಗಳು ಇಲ್ಲಿ ಬಂದು ಆಡಿ, ಗೆದ್ದು, ತಲೆಯನ್ನೂ ಮನಸ್ಸನ್ನೂ ಹಗುರ ಮಾಡಿಕೊಂಡು ಹೋಗುತ್ತಿದ್ದರು.

ಆ ದಿನ ಅವನನ್ನು ಸಿಕ್ಕಿಸಿಹಾಕಿದ್ದು ಇದೇ ಒಂದು ಮಾತು.

ಅವರ ಬೀದಿಯಲ್ಲಿ ದಿನವೂ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕರೆಂಟ್ ಇರುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಸೆಲೂನು. ಹತ್ತು ಹೊಡೆಯಿತೆಂದರೆ ಫ್ಯಾನೂ ನಿಂತಿತು, ಕೂದಲು ಕತ್ತರಿಸುವ ಮೆಷಿನ್ನೂ ನಿಂತಿತು. ಬೀದಿಯ ತುದಿಯಲ್ಲಿ ಜನರೇಟರ್ ಇಟ್ಟುಕೊಂಡು ಇನ್ನೊಂದು ಸೆಲೂನು ತೆರೆದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿದಿದ್ದರು. ಖಾಲಿ ಕುರ್ಚಿಯಲ್ಲಿ ಮಧ್ಯಾಹ್ನದ ನಿದ್ದೆ ಮಾಡುವುದನ್ನು ಪಕ್ಕದ ಮನೆಯ ಬೆಕ್ಕು ರೂಢಿ ಮಾಡಿಕೊಂಡಿತ್ತು.

ಅದಕ್ಕೇ ಹೆಂಡತಿ ಹಟ ಹಿಡಿದು ಮಾಳಿಗೆಯ ಮೇಲೆ ಸೋಲಾರ್ ಫಲಕ ಹಾಕಿಸಿದ್ದಳು. ಬ್ಯಾಟರಿಯೂ ಬಂತು. ಬಾರದೆ ಉಳಿದದ್ದು ಹೈಬ್ರಿಡ್ ಇನ್ವರ್ಟರ್ ಒಂದೇ. ಬಿಸಿಲಿನ ಕರೆಂಟು, ಬ್ಯಾಟರಿಯ ಕರೆಂಟು, ಕಂಬದ ಕರೆಂಟು, ಈ ಮೂರನ್ನೂ ಜಗಳವಾಗದಂತೆ ನಡೆಸುವ ಪೆಟ್ಟಿಗೆ ಅದು. ಮೂವರು ಸೊಸೆಯರನ್ನು ಒಂದೇ ಅಡುಗೆಮನೆಯಲ್ಲಿ ಸಂಭಾಳಿಸುವ ಅತ್ತೆಯ ಹಾಗೆ. ಅಂಥ ಅತ್ತೆಯನ್ನು ಆರಿಸುವುದು ಸುಲಭವೇ? ಅವನು ಒಂದು ತಿಂಗಳಿಂದ ಯೋಚಿಸುತ್ತಿದ್ದ. ಅಷ್ಟರಲ್ಲಿ ಫಲಕಗಳ ಮೇಲೆ ಕಾಗೆಗಳು ಸಂಸಾರ ಹೂಡಿದ್ದವು.

ಬೆಳಿಗ್ಗೆ ಏಳಕ್ಕೆ ಸೋಲಾರ್ ಫಿಟ್ಟರ್ ಬಂದು ಬಾಗಿಲಲ್ಲಿ ನಿಂತ. ದೂರದ ಊರಲ್ಲಿ ದೊಡ್ಡ ಕೆಲಸ ಸಿಕ್ಕಿದೆ, ಸಂಜೆ ಐದೂವರೆ ಬಸ್ಸಿಗೆ ಹೊರಟರೆ ಬರುವುದು ಮೂರು ತಿಂಗಳಿಗೆ ಎಂದ. "ಐದು ಗಂಟೆಯೊಳಗೆ ಯಾವ್ದು ಅಂತ ತೀರ್ಮಾನ ಮಾಡಿ ಅಣ್ಣ. ಜೋಡಿಸಿಬಿಟ್ಟು ಹೋಗ್ತೀನಿ."

ಅವನು ಹೋದ ಮೇಲೆ ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಇನ್ನು ಮೂರು ತಿಂಗಳು ಹೀಗೇ ಇದ್ರೆ ಈ ಕುರ್ಚಿ ಮಾರ್ಬೇಕಾಗುತ್ತೆ. ಇವತ್ತು ಯಾರನ್ನೂ ಕೇಳೋಕೆ ಹೋಗ್ಬೇಡಿ ರೀ. ಹುಟ್ಟಿದಾಗಿಂದ ಒಂದು ಸಲಾನಾದ್ರೂ ನೀವೇ ಒಂದು ಆರಿಸಿ."

ಅವನು ಆಗಲಿ ಎಂದ. ಯಾರನ್ನೂ ಕೇಳಲೂ ಇಲ್ಲ. ಆದರೆ ಸೆಲೂನಿನಲ್ಲಿ ಸಲಹೆಯನ್ನು ಕೇಳಿಯೇ ಪಡೆಯಬೇಕೆಂಬ ನಿಯಮವೇನೂ ಇಲ್ಲವಲ್ಲ.

ಮೊದಲು ಬಂದವರು ನಿವೃತ್ತ ವಿಜ್ಞಾನದ ಮೇಷ್ಟ್ರು. ವಾರಕ್ಕೊಮ್ಮೆ ಗಡ್ಡ ಒಪ್ಪ ಮಾಡಿಸಿಕೊಳ್ಳಲು ಬರುವವರು. ಕೊರಳಿಗೆ ಬಟ್ಟೆ ಕಟ್ಟುವ ಮುಂಚೆಯೇ ಇನ್ವರ್ಟರಿನ ಪಾಠ ಶುರು ಮಾಡಿದರು. ಯಂತ್ರಕ್ಕೆ ತೂಕವೇ ಗುಣ. ಒಳಗೆ ತಾಮ್ರ ಎಷ್ಟಿದೆಯೋ ಅಷ್ಟು ಬಾಳಿಕೆ. ಒಬ್ಬನೇ ಎತ್ತಬಹುದಾದ ಇನ್ವರ್ಟರ್ ಇನ್ವರ್ಟರೇ ಅಲ್ಲ. ಅವರ ಶಿಷ್ಯನ ಅಂಗಡಿಯಲ್ಲಿ ಅಂಥದೊಂದು ಇದೆಯಂತೆ. "ಅದೇ ಸರಿ ಅಲ್ವೇನಯ್ಯಾ?" ಎಂದು ಕೇಳಿದಾಗ ಕತ್ತಿ ಅವರ ಗಂಟಲ ಮೇಲಿತ್ತು. ಅವನು, "ನೀವು ಹೇಳಿದ ಮೇಲೆ ಮುಗೀತು ಮೇಷ್ಟ್ರೇ" ಎಂದ.

ಎಂಟೂವರೆಗೆ ಹೆಂಡತಿಯ ತಮ್ಮ ಬಂದ. ಕೆಲಸ ಹುಡುಕುತ್ತಿದ್ದವನು, ಅರ್ಜಿಗೆ ಅಂಟಿಸುವ ಫೋಟೋ ಮರುದಿನ ತೆಗೆಸಬೇಕಿತ್ತು. ಅವನ ಪ್ರಕಾರ ಇನ್ವರ್ಟರ್ ಹಗುರಾಗಿರಬೇಕು, ಫೋನಿನೊಂದಿಗೆ ಮಾತಾಡಬೇಕು, ಎಷ್ಟು ಬಿಸಿಲು ಬಂತು ಎಷ್ಟು ಖರ್ಚಾಯಿತು ಎಂದು ಬೆರಳ ತುದಿಯಲ್ಲಿ ತೋರಿಸಬೇಕು. ಸೆಲೂನಿನವನ ಕತ್ತರಿ ಅವನ ಕಿವಿಯ ಹಿಂದಿತ್ತು. ಅವನಿಗೂ ಅದೇ ಉತ್ತರ ಸಿಕ್ಕಿತು.

ಒಂಬತ್ತೂವರೆಗೆ ಮಿಕ್ಸಿ ರಿಪೇರಿಯವನು ಗಡ್ಡ ಬೋಳಿಸಿಕೊಳ್ಳಲು ಬಂದ. ತೂಕವೂ ಬೇಡ, ಫೋನೂ ಬೇಡ, ಬಿಚ್ಚಿದರೆ ಬಿಡಿಭಾಗ ಇದೇ ಬೀದಿಯಲ್ಲಿ ಸಿಗಬೇಕು ಎಂಬುದು ಅವನ ವಾದ. ಅವನು ಹೊಗಳಿದ ಪೆಟ್ಟಿಗೆಗೆ ಅಂಕಿ ತೋರಿಸುವ ಪರದೆ ಕೂಡ ಇರಲಿಲ್ಲ, ಒಂದೇ ಒಂದು ಹಸಿರು ದೀಪ. ಅವನೂ ಗೆದ್ದು ಹೋದ.

ಮೂವರೂ ಕುರ್ಚಿಯಿಂದ ಇಳಿದು, ಸೆಲೂನಿನವನು ತಮ್ಮ ಮಾತಿನಂತೆ ತೀರ್ಮಾನ ಮಾಡಿಬಿಟ್ಟ ಎಂದುಕೊಂಡು, ಅವನಿಗೆ ಉಪಕಾರ ಮಾಡಲು ನೆಟ್ಟಗೆ ಅಂಗಡಿಗಳಿಗೆ ನಡೆದರು.

ಹನ್ನೊಂದಕ್ಕೆ ಮೇಷ್ಟ್ರ ಇನ್ವರ್ಟರ್ ತಳ್ಳುಗಾಡಿಯಲ್ಲಿ ಬಂತು. ಇಬ್ಬರು ಇಳಿಸಿ ಬೆವರು ಒರೆಸಿಕೊಂಡರು. ಬೆಕ್ಕು ಎದ್ದು ಹೋಯಿತು. ಒಂದು ಗಂಟೆಗೆ ಭಾಮೈದ ಪುಸ್ತಕದಷ್ಟೇ ತೆಳ್ಳಗಿನ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಮೂರಕ್ಕೆ ರಿಪೇರಿಯವನ ಸೈಕಲ್ಲಿನ ಹಿಂದೆ ಮೂರನೆಯದು ಬಂತು. ಬೇಡವೆಂದರೆ ಸಂಜೆಯೊಳಗೆ ವಾಪಸ್ ಕೊಡಬಹುದು ಎಂದು ಮೂವರೂ ಹೇಳಿದರು. ಬೇಡವೆನ್ನುವ ಪ್ರಶ್ನೆಯೇ ಇಲ್ಲ ಎಂದೂ ಹೇಳಿದರು.

ಹೆಂಡತಿ ಹೊರಗೆ ಬಂದು ಮೂರು ಪೆಟ್ಟಿಗೆಗಳನ್ನೂ ನೋಡಿದಳು, ಗಂಡನನ್ನೂ ನೋಡಿದಳು.

"ಒಂದು ಆರಿಸಿ ಅಂದಿದ್ದೆ" ಎಂದಳು ಮೆಲ್ಲಗೆ.

ನಾಲ್ಕಕ್ಕೆ ಕರೆಂಟ್ ಬಂತು, ಫಿಟ್ಟರೂ ಬಂದ. ಅಷ್ಟು ಹೊತ್ತಿಗೆ ಸೆಲೂನಿನೊಳಗೆ ಮಾತಿನ ಸಂತೆ ನೆರೆದಿತ್ತು. ನೀನೇ ತಾನೇ ಒಪ್ಪಿದ್ದು ಎಂದು ಮೇಷ್ಟ್ರು, ನನಗೆ ಹೇಳಿದ್ದೇ ಕೊನೆ ಮಾತು ಎಂದು ಭಾಮೈದ, ಕೊನೆಗೆ ಕೂತವನು ನಾನು, ಆದ್ದರಿಂದ ಕೊನೆ ಮಾತು ನನ್ನದು ಎಂದು ರಿಪೇರಿಯವನು. ಬಾಗಿಲ ತುಂಬ ಜನ. ಹೊಸ ಸೆಲೂನಿಗೆ ಹೋಗುತ್ತಿದ್ದ ಹಳೆಯ ಗಿರಾಕಿಗಳೂ ತಮಾಷೆ ನೋಡಲು ನಿಂತಿದ್ದರು. ಫಿಟ್ಟರ್ ಗಡಿಯಾರ ನೋಡಿದ.

ಸೆಲೂನಿನವನು ಮೂಲೆಯಲ್ಲಿ ಕತ್ತಿ ಮಸೆಯುತ್ತಿದ್ದ. ಹೆಂಡತಿ ಒಳಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿದ್ದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದನೋ ಏನೋ. ಸಿಟ್ಟಿರಲಿಲ್ಲ, ಕುರ್ಚಿ ಹೋಯಿತು ಎಂಬ ಲೆಕ್ಕ ಮುಗಿದಂತಿತ್ತು. ಅವನು ಕತ್ತಿಯನ್ನು ಮಡಚಿ ಹಲಗೆಯ ಮೇಲಿಟ್ಟ. ಇಟ್ಟದ್ದೇ ತಡ, ಇಪ್ಪತ್ತೆರಡು ವರ್ಷ ಒಳಗೇ ಇದ್ದ ದನಿ ಹೊರಗೆ ಬಂತು.

"ಎಲ್ಲಾ ಸ್ವಲ್ಪ ಸುಮ್ನಿರಿ. ಇದು ನನ್ನ ಅಂಗಡಿ."

ಎಲ್ಲರೂ ಸುಮ್ಮನಾದರು. ಅವನಿಗೇ ಆಶ್ಚರ್ಯವಾಯಿತು.

"ನನಗೆ ಬೇಕಾದ್ದು ಇಷ್ಟೇ. ಮೆಷಿನ್ ತಲೆ ಮೇಲಿದ್ದಾಗ ಕರೆಂಟ್ ಹೋದ್ರೆ, ಹೋಗಿದ್ದು ಗಿರಾಕಿಗೆ ಗೊತ್ತಾಗ್ಬಾರ್ದು. ಮೂರನ್ನೂ ಜೋಡಿಸಿ ನೋಡೋಣ. ಫ್ಯಾನು, ದೀಪ, ಒಳಗಿನ ಫ್ರಿಜ್ಜು ಎಲ್ಲಾ ಓಡ್ತಿರಲಿ. ಹೊರಗೆ ಮೇನ್ ಸ್ವಿಚ್ ಇಳಿಸೋದು. ಯಾರ ಪೆಟ್ಟಿಗೆಯೋ ಅವರೇ ಕುರ್ಚಿಗೆ ಬಂದು ತಲೆ ಕೊಡೋದು."

ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು. ತಟ್ಟುವುದಕ್ಕೇನು, ತಲೆ ಅವರದ್ದಲ್ಲ. ಒಂದೊಂದಕ್ಕೆ ಹತ್ತು ನಿಮಿಷ ಸಾಕು ಎಂದು ಫಿಟ್ಟರ್ ವೈರು ಬಿಚ್ಚಲು ಕೂತ.

ಮೇಷ್ಟ್ರು ಗಂಭೀರವಾಗಿ ಕುರ್ಚಿ ಏರಿ ಗಡ್ಡ ಒಡ್ಡಿದರು. ಮೆಷಿನ್ನು ಗಲ್ಲದವರೆಗೆ ಬಂದಾಗ ಫಿಟ್ಟರ್ ಪಕ್ಕದ ಓಣಿಗೆ ಹೋಗಿ ಸ್ವಿಚ್ ಇಳಿಸಿದ. ದೀಪ ಆರಿತು. ಭಾರದ ಪೆಟ್ಟಿಗೆ ಆಳವಾಗಿ ಉಸಿರೆಳೆದುಕೊಂಡು, ಊಟವಾದ ಮೇಲೆ ಮಲಗಿದ ಯಜಮಾನನನ್ನು ಎಬ್ಬಿಸಿದಂತೆ ಗೊಣಗಿ, ಮೂರು ಸೆಕೆಂಡಿಗೆ ಎದ್ದಿತು. ಅಷ್ಟರಲ್ಲಿ ಗಡ್ಡದ ಎಳೆಗಳನ್ನು ಕಚ್ಚಿಕೊಂಡು ನಿಂತಿದ್ದ ಮೆಷಿನ್ನು ಒಮ್ಮೆಲೇ ಎಗರಿ ಗಲ್ಲದ ಮೇಲೆ ಒಂದು ಮೆಟ್ಟಿಲು ಕೆತ್ತಿತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಮೂರು ಸೆಕೆಂಡ್ ವಿಜ್ಞಾನದಲ್ಲಿ ಏನೂ ಅಲ್ಲ ಎಂದರು.

ಭಾಮೈದ ಫೋನು ಕೈಯಲ್ಲಿ ಹಿಡಿದುಕೊಂಡೇ ಕೂತ. ಮೆಷಿನ್ನು ಅವನ ಕತ್ತಿನ ಹಿಂದಿನಿಂದ ನಡುನೆತ್ತಿಯವರೆಗೆ ಚೆನ್ನಾಗಿಯೇ ಬಂತು. ಫಿಟ್ಟರ್ ಸ್ವಿಚ್ ಇಳಿಸಿದ. ಏನೂ ಆಗಲಿಲ್ಲ. ಭಾಮೈದ ಎಲ್ಲರನ್ನೂ ಕನ್ನಡಿಯಲ್ಲೇ ನೋಡಿ ನಕ್ಕ. ಆಗ ಒಳಗೆ ಫ್ರಿಜ್ಜು ಗುರ್ ಎಂದು ಶುರುವಾಯಿತು. ತೆಳ್ಳಗಿನ ಪೆಟ್ಟಿಗೆ ಇಲಿಮರಿಯಂತೆ ಕೀಚ್ ಎಂದು ಪ್ರಾಣ ಬಿಟ್ಟಿತು. ಫೋನು ಮಾತ್ರ ಎಲ್ಲವೂ ಸರಿಯಾಗಿದೆ ಎಂದೇ ತೋರಿಸುತ್ತಿತ್ತು. ಅವನ ತಲೆಯ ಮೇಲೆ ಕತ್ತಿನಿಂದ ನೆತ್ತಿಗೆ ಒಂದು ಹೆದ್ದಾರಿ ಬಿದ್ದಿತ್ತು.

"ಭಾವ, ನಾಳೆ ಫೋಟೋ" ಎಂದ ಅವನು.

ಪೂರ್ತಿ ಮಾಡಲು ಹೊತ್ತಿರಲಿಲ್ಲ. ಆಗಲೇ ನಾಲ್ಕೂವರೆ. ಫಿಟ್ಟರ್ ಮೂರನೆಯ ಪೆಟ್ಟಿಗೆಯ ವೈರುಗಳನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಈ ಸಲ ಸ್ವಿಚ್ ಇಳಿಸಲು ಬೇರೆ ಯಾರಾದರೂ ಹೋಗಿ ಎಂದ. ಜನರ ಕಣ್ಣಿನಿಂದ ಪಾರಾದರೆ ಸಾಕಾಗಿದ್ದ ಭಾಮೈದ ಟವೆಲನ್ನು ಹುಬ್ಬಿನವರೆಗೂ ಎಳೆದುಕೊಂಡು ಓಣಿಗೆ ಓಡಿದ.

ರಿಪೇರಿಯವನು ಒಲ್ಲದ ಮನಸ್ಸಿನಿಂದ ಕುರ್ಚಿ ಏರಿದ. ಪೊದೆಯಂಥ ಕೂದಲು ಅವನದು. ಹೊರಗಿನಿಂದ "ಇಳಿಸಿದೆ" ಎಂಬ ಕೂಗು ಬಂತು.

ದೀಪ ಮಿಟುಕಲಿಲ್ಲ. ಫ್ಯಾನು ನಿಧಾನವಾಗಲಿಲ್ಲ. ಮೆಷಿನ್ನಿನ ದನಿ ಒಂದೆಳೆಯೂ ಬದಲಾಗಲಿಲ್ಲ. ಒಳಗೆ ಫ್ರಿಜ್ಜು ಎರಡು ಸಲ ಶುರುವಾಗಿ ಎರಡು ಸಲ ನಿಂತಿತು. ಮೇಷ್ಟ್ರು ಕೈಗಡಿಯಾರ ಹಿಡಿದು ನಿಂತರು. ಹತ್ತು ನಿಮಿಷದಲ್ಲಿ ರಿಪೇರಿಯವನ ತಲೆ ಮದುವೆ ಗಂಡಿನದಾಗಿತ್ತು.

"ಇದೇ" ಎಂದ ಸೆಲೂನಿನವನು. "ಇದನ್ನೇ ನಾನು ಆರಿಸಿದ್ದು."

ಆ ಮಾತನ್ನು ಅವನು ಎಷ್ಟು ಚೆನ್ನಾಗಿ ಹೇಳಿದನೆಂದರೆ ಹೆಂಡತಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಇಷ್ಟು ಜನರ ಎದುರು ಪರೀಕ್ಷೆ ಆದ ಮೇಲೆ ಇನ್ನೇನು ನೋಡುವುದು ಎಂದು ಫಿಟ್ಟರ್ ಪೆಟ್ಟಿಗೆಯನ್ನು ಗೋಡೆಗೆ ಕೂರಿಸಿ, ಇಪ್ಪತ್ತೇ ನಿಮಿಷದಲ್ಲಿ ಚೀಲ ಹೆಗಲಿಗೇರಿಸಿ, ಬಸ್ಸಿಗೆ ಓಡಿದ. ಇಳಿಸಿದ ಸ್ವಿಚ್ಚನ್ನು ಮತ್ತೆ ಏರಿಸುವುದು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಆಮೇಲೆ ಸೆಲೂನಿನಲ್ಲಿ ಹಬ್ಬ. ಸೋತ ಇಬ್ಬರೂ ಗೆದ್ದವನ ಕೈ ಕುಲುಕಿದರು. ಮೇಷ್ಟ್ರು ಕೂಡ ಮೆಟ್ಟಿಲಿನ ಗಡ್ಡ ಸವರಿಕೊಳ್ಳುತ್ತ, ತಮ್ಮ ಮನೆಗೂ ಇಂಥದ್ದೇ ಒಂದು ಇರಲಿ ಎಂದರು. ಹಳೆಯ ಗಿರಾಕಿಗಳು ಹಲ್ಲು ಕಿರಿಯುತ್ತ, ಆ ಜನರೇಟರಿನ ಸದ್ದಿಗೆ ಕಿವಿ ಹೋಗುತ್ತಿತ್ತು ಎಂದು ಹೇಳಿಕೊಂಡರು. ಸೆಲೂನಿನವನು ಇನ್ವರ್ಟರನ್ನು ಹೇಗೆ ಆರಿಸಬೇಕೆಂದು ಸಣ್ಣದೊಂದು ಭಾಷಣವನ್ನೇ ಮಾಡಿದ. ನಡುವೆ ಯಾರೋ ಏನೋ ಹೇಳಹೋದರೆ, "ತಡೀರಿ, ನಾನು ಹೇಳ್ತೀನಿ" ಎಂದ.

ಆರಕ್ಕೆ ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕ ಬಂದಳು. ನಾಲ್ಕೂವರೆಗೆ ಮನೆಮನೆಗೆ ಬಟ್ಟೆ ಕೊಡಲು ಹೋದವಳು ಈಗಷ್ಟೇ ಮರಳಿದ್ದಳು.

"ನಿಮ್ಮಲ್ಲಿ ಕರೆಂಟ್ ಇದೆಯಲ್ಲ, ನಮ್ಮಲ್ಲಿ ಯಾಕಿಲ್ಲ? ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿದೆ."

ಬಾಗಿಲಲ್ಲಿದ್ದವರು ಇಣುಕಿ ಅವಳ ಅಂಗಡಿಯ ಕಡೆ ನೋಡಿದರು. ಆಮೇಲೆ ಸೆಲೂನು ಸೂರು ಹಾರುವಂತೆ ಆರ್ಭಟಿಸಿತು. ಕರೆಂಟ್ ಹೋಗಿದೆ! ಪಕ್ಕದ ಅಂಗಡಿ ಕತ್ತಲಲ್ಲಿದೆ, ಇಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ರಿಪೇರಿಯವನನ್ನು ಇಬ್ಬರು ಎತ್ತಿ ಕುಣಿಸಿದರು. ಭಾಮೈದ ಮಾತ್ರ ಟವೆಲನ್ನು ಇನ್ನೂ ಸ್ವಲ್ಪ ಕೆಳಗೆ ಎಳೆದುಕೊಂಡ.

ಸೆಲೂನಿನವನು ಅದನ್ನು ನೋಡಿದ. ನೋಡಿ, "ಬನ್ನಿ ಅಕ್ಕ, ಏನಾಗಿದೆ ನೋಡೋಣ" ಎಂದು ಓಣಿಗೆ ಹೋದ.

ಗೋಡೆಯ ಮೇಲೆ ಒಂದೇ ತರದ ಎರಡು ಮೇನ್ ಸ್ವಿಚ್ಚುಗಳು ಅಕ್ಕಪಕ್ಕ ಇದ್ದವು. ಇಸ್ತ್ರಿ ಅಂಗಡಿಯದ್ದು ಕೆಳಗಿತ್ತು. ಅವನದ್ದು ಮೇಲಿತ್ತು. ಮೂರನೆಯ ಪರೀಕ್ಷೆಯಲ್ಲಿ ಅವನ ಮನೆಯ ಕರೆಂಟ್ ಹೋಗಿಯೇ ಇರಲಿಲ್ಲ.

ಅಕ್ಕನ ಸ್ವಿಚ್ಚನ್ನು ಏರಿಸಿ ಅವಳನ್ನು ಕಳಿಸಿದ. ನಂತರ ಆ ಕಡೆ ಈ ಕಡೆ ನೋಡಿ ತನ್ನದನ್ನು ಇಳಿಸಿದ. ಒಳಗೆ ಫ್ಯಾನು, ದೀಪ, ಫ್ರಿಜ್ಜು ಎಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಒಂದು ಎಣಿಸಿದ, ಎರಡು ಎಣಿಸಿದ, ಐದರವರೆಗೂ ಎಣಿಸಿದ. ಗೋಡೆಯ ಪೆಟ್ಟಿಗೆಯಿಂದ ಕೆಮ್ಮು ಕೂಡ ಬರಲಿಲ್ಲ. ಕೈ ತಾನಾಗಿ ಸ್ವಿಚ್ಚನ್ನು ಏರಿಸಿತು.

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೆಂದು ಅವನು ಒಳಗೆ ಬಂದ. ಅಷ್ಟರಲ್ಲಿ ಮೇಷ್ಟ್ರು ಎದ್ದು ನಿಂತು ವಿವರಿಸುತ್ತಿದ್ದರು. ಒಂದೂವರೆ ಗಂಟೆ ಒಂದೇ ಸಮ ದುಡಿದ ಯಂತ್ರ, ಮಧ್ಯೆ ಐದೇ ಸೆಕೆಂಡ್ ಬೆನ್ನು ಒರಗಿಸಿ, ಯಾರೂ ಮುಟ್ಟದೆ ತಾನೇ ಎದ್ದು ಮತ್ತೆ ಕೆಲಸಕ್ಕೆ ನಿಂತಿತಲ್ಲ, ಅದಕ್ಕೇ ನಂಬಿಕೆ ಎನ್ನುವುದು. ಜನ ತಲೆದೂಗಿದರು. ಮತ್ತೊಮ್ಮೆ ಚಪ್ಪಾಳೆ ಬಿತ್ತು.

ಅವನು ಬಾಯಿ ತೆರೆದ. ಹೆಂಡತಿ ಪೆನ್ನು, ಹಾಳೆ ಹಿಡಿದು ಎದುರಿಗೆ ಬಂದಳು. ಮದುವೆಯಾದಾಗಿನಿಂದ ಅವಳ ಮುಖ ಅಷ್ಟು ಬೆಳಗಿದ್ದನ್ನು ಅವನು ನೋಡಿರಲಿಲ್ಲ.

"ನಾಳೆಗೆ ಹನ್ನೊಂದು ಜನ ಹೆಸರು ಬರೆಸಿದಾರೆ ರೀ. ಎಲ್ಲರಿಗೂ ಹತ್ತು ಗಂಟೆ ಮೇಲೇ ಬೇಕಂತೆ. ಕರೆಂಟ್ ಹೋದಾಗ ಈ ಕುರ್ಚೀಲಿ ಕೂತು ನೋಡ್ಬೇಕಂತೆ."

ಬಾಗಿಲಲ್ಲಿದ್ದ ಒಬ್ಬ ಮುದುಕ, ಅರ್ಧ ತಲೆ ಆದ ಮೇಲೆ ಅದೇನಾದರೂ ಕೈಕೊಟ್ಟರೆ ಎಂದು ಅನುಮಾನದಿಂದ ಕೇಳಿದ.

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಅವನ ಕಡೆ ತಿರುಗಿದಳು.

"ಕೈಕೊಡಲ್ಲ ಅಜ್ಜ. ಇದನ್ನ ಆರಿಸಿದ್ದು ನಮ್ಮ ಯಜಮಾನ್ರು."