ಕೋಲಸಿರ್ಸಿಯವನೆಂದು ಹೇಳಿಕೊಂಡು ಕರಾಟೆ ಪರೀಕ್ಷಿಸಿದ್ದು

ಹೊಡೆದಾಟದ ವಿಷಯದಲ್ಲಿ ಅಭಿಪ್ರಾಯ ಹೇಳುವ ಅರ್ಹತೆ ನನಗಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಆಯುಷ್ಯದ ವೈರಿಗಳೆಲ್ಲ ಅಡಿಟಿಪ್ಪಣಿಗಳಲ್ಲಿ ವಾಸಿಸಿದವರು. ಅವರನ್ನು ಅಲ್ಲಿಯೇ ಕೆಡವಿ ಅಲ್ಲಿಯೇ ಬಿಟ್ಟು ಬಂದಿದ್ದೇನೆ. ಆದರೆ ಸಂಶೋಧಕನೆಂಬ ಹೆಸರು ಒಮ್ಮೆ ಅಂಟಿಕೊಂಡರೆ ನಿವೃತ್ತಿಯ ಮೇಲೂ ಬಿಡುವುದಿಲ್ಲ. ಹಲಸಿನ ಹಪ್ಪಳಕ್ಕೆ ಉಪ್ಪು ಸಾಕೇ ಎಂಬಲ್ಲಿಂದ ಹಿಡಿದು ಎಲ್ಲದಕ್ಕೂ ಮನೆಯವರು ತೀರ್ಪು ಕೇಳುತ್ತಾರೆ. ಹಾಗೆ ಕೇಳಿದ್ದರಲ್ಲೊಂದು, ಕರಾಟೆಯಿಂದ ಪ್ರಯೋಜನವಿದೆಯೇ ಎಂಬುದು.

ಇದು ನಡೆದದ್ದು ೧೯೯೭ರಲ್ಲಿ ಎಂದು ಬಹುಕಾಲ ನಂಬಿದ್ದೆ. ತಂಗಿಯ ಮಗಳು ಶಾಲಿನಿಯ ನೇಮಕಾತಿ ಪತ್ರವನ್ನು ಈಚೆಗೆ ತೆಗೆಸಿ ನೋಡಿದೆ, ೧೯೯೮. ಆ ವರ್ಷ ಅವಳಿಗೆ ಯಲ್ಲಾಪುರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ದಿನವೂ ಶಿರಸಿಯಿಂದ ಹೋಗಿ ಬರುತ್ತಿದ್ದಳು. ಸಂಜೆಯ ಬಸ್ಸಿನಲ್ಲಿ ಒಬ್ಬಾತ ಅವಳ ಬೆನ್ನ ಹಿಂದೆಯೇ ನಿಲ್ಲತೊಡಗಿದ್ದ. ತಿರುವು ಬಂದಾಗಲೆಲ್ಲ ಮೈಮೇಲೆ ಬೀಳುತ್ತಿದ್ದ. ತಿರುವು ಮುಗಿದರೂ ಏಳುತ್ತಿರಲಿಲ್ಲ. ಶಾಲಿನಿ ಯಾರಿಗೂ ದೂರು ಹೇಳದೆ ಶಿರಸಿಯ ಕರಾಟೆ ತರಗತಿಗೆ ಸೇರಿಕೊಂಡಳು. ವಿಷಯ ತಿಳಿದ ತಂಗಿ ನೇರವಾಗಿ ನನ್ನಲ್ಲಿಗೆ ಬಂದಳು.

“ಅಣ್ಣಯ್ಯ, ನೀನು ಹೋಗಿ ನೋಡಿಕ್ಯಂಡು ಬಾ. ಆ ಕರಾಟೆ ಎಂತಕ್ಕಾದ್ರೂ ಬತ್ತಾ ಇಲ್ಯಾ ಹೇಳು. ಬರ್ತಿಲ್ಲೆ ಹೇಳಾದ್ರೆ ಆನು ನಾಳೆಯೇ ಕೆಲಸ ಬಿಡಿಸ್ತೆ.”

ಒಬ್ಬ ಹುಡುಗಿಯ ಉದ್ಯೋಗ ನನ್ನ ಒಂದು ವಾಕ್ಯದ ಮೇಲೆ ನಿಂತಿತ್ತು. ಮೂರು ಸಂಜೆ ತರಗತಿಯ ಮೂಲೆಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡೆ. ಅಲ್ಲಿ ಆಕ್ರಮಣಕಾರನು ಮೊದಲು ಬಾಗಿ ನಮಸ್ಕರಿಸುತ್ತಾನೆ, ನಂತರ ಎದುರಿನಿಂದಲೇ ಬರುತ್ತಾನೆ, ಸದಾ ಬಲಗೈಯನ್ನೇ ಎತ್ತುತ್ತಾನೆ ಮತ್ತು ಎತ್ತಿದ ಕೈಯನ್ನು ಮಾಸ್ತರರು ಎಣಿಸಿ ಮುಗಿಸುವವರೆಗೂ ಹಾಗೆಯೇ ಹಿಡಿದಿರುತ್ತಾನೆ. “ಬರುವವನು ಎಡಚನಾಗಿದ್ದರೆ?” ಎಂದು ವಿಚಾರಿಸಿದೆ. “ಅದು ಮುಂದಿನ ಬೆಲ್ಟಿಗೆ ಬತ್ತದೆ ಸರ್,” ಎಂದರು ಮಾಸ್ತರರು, ಸ್ವಲ್ಪವೂ ವಿಚಲಿತರಾಗದೆ. ಮಣಿಕಟ್ಟು ಹಿಡಿದವನಿಂದ ಬಿಡಿಸಿಕೊಳ್ಳುವ ಉಪಾಯವೊಂದು ಮಾತ್ರ ನನಗೆ ತರ್ಕಬದ್ಧವಾಗಿ ಕಂಡಿತು: ಹಿಡಿದವನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಎಳೆಯಬೇಕು. ಅದನ್ನು ಚಿತ್ರಸಹಿತ ಬರೆದುಕೊಂಡೆ. ಆದರೂ ಮೂಲ ಆಕರವನ್ನು ನೋಡದೆ ತೀರ್ಪು ಕೊಡುವ ಅಭ್ಯಾಸ ನನಗಿಲ್ಲ. ಇಲ್ಲಿ ಮೂಲ ಆಕರವೆಂದರೆ ಸಂಜೆಯ ಬಸ್ಸು.

ಮರುದಿನ ಶಾಲಿನಿಗೂ ತಿಳಿಸದೆ ಯಲ್ಲಾಪುರದಲ್ಲಿ ಆ ಬಸ್ಸು ಹತ್ತಿ, ಮಧ್ಯದ ಸೀಟೊಂದನ್ನು ಹಿಡಿದು, ತೊಡೆಯ ಮೇಲೆ ಟಿಪ್ಪಣಿ ಪುಸ್ತಕ ತೆರೆದೆ. ಕಾಲಿಡಲು ಜಾಗವಿರಲಿಲ್ಲ. ಅವಳು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ ಮತ್ತು ಕೊಡೆ ಹಿಡಿದು ಮುಂದೆ ನಿಂತಿದ್ದಳು, ನನ್ನನ್ನು ನೋಡಲಿಲ್ಲ. ಸೀರೆಯುಟ್ಟವಳು ಈ ಇಕ್ಕಟ್ಟಿನಲ್ಲಿ ಕಾಲೆತ್ತಿ ಒದೆಯುವುದು ಅಸಾಧ್ಯವೆಂದು ಬರೆದೆ. ಅಷ್ಟರಲ್ಲಿ ಪಕ್ಕದ ಸಾಲಿನ ಹೆಂಗಸು ನನ್ನತ್ತ ಬಾಗಿದಳು.

“ಯಾವೂರಾತು ನಿಮ್ದು?”

ನಿಜ ಹೇಳಿದರೆ ಬಸ್ಸು ಶಿರಸಿ ತಲುಪುವ ಮೊದಲು ನಾನು ಯಾರ ಸೋದರಮಾವನೆಂಬುದು ಚಾಲಕನಿಗೂ ತಿಳಿಯುತ್ತದೆ. ಯಲ್ಲಾಪುರದ ಬಸ್ಸಿನಲ್ಲಿ ಸಿದ್ದಾಪುರದ ಕಡೆಯವರು ಯಾರಿರುತ್ತಾರೆಂದು ಅಲ್ಲಿಯ ಹಳ್ಳಿಯೊಂದನ್ನು ಆರಿಸಿ, “ಕೋಲಸಿರ್ಸಿ,” ಎಂದೆ.

“ಓಹೋ! ನನ್ನ ತವರ್ಮನಿ ಅದೇಯಾ! ಯಾರ ಮನಿ?”

ಈ ಮೂರು ತಾಲ್ಲೂಕುಗಳ ವಂಶಾವಳಿಗಳನ್ನು ಅರ್ಧ ಆಯುಷ್ಯ ಕೂಡಿಸಿದವನಿಗೆ, ಇಲ್ಲಿ ಯಾವ ಊರೂ ಪಕ್ಕದ ಸೀಟಿನವರ ತವರಾಗಿರಬಹುದೆಂಬುದು ಹೊಳೆಯಲಿಲ್ಲ. ನಾನು ಕೆಮ್ಮಿದೆ. ಅವಳು ನನ್ನ ಮುಖ, ತೆರೆದ ಪುಸ್ತಕ, ನಾನು ಮತ್ತೆ ಮತ್ತೆ ನೋಡುತ್ತಿದ್ದ ಹುಡುಗಿ, ಮೂರನ್ನೂ ಸಾವಧಾನವಾಗಿ ಪರಿಶೀಲಿಸಿದಳು.

ಆತ ಬಂದ. ಗೆರೆಯಂಗಿಯ, ನೋಡಲು ಸಭ್ಯನಾದ ಮನುಷ್ಯ. ಒಂದು ತಿರುವಿಗೆ ಒಂದು ಹೆಜ್ಜೆಯಂತೆ ಸರಿಯುತ್ತ ಅವಳ ಹಿಂದೆ ಸೇರಿದ. ನನ್ನ ಪೆನ್ನು ನಿಂತಿತು. ಏಳಬೇಕೆಂದುಕೊಂಡೆ, ಏಳಲಿಲ್ಲ. ಮುಂದಿನ ತಿರುವಿನಲ್ಲಿ ಅವನ ಕೈ ಕಂಬಿಯ ಮೇಲಿದ್ದ ಅವಳ ಕೈಯನ್ನು ಮುಚ್ಚಿತು. ಎಡಗೈ.

“ಕೈ ತೆಗಿ!”

ತರಗತಿಯಲ್ಲಿ ಹೊಟ್ಟೆಯಿಂದ ತೆಗೆಸುತ್ತಿದ್ದ ಕೂಗು ಅದು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಗಂಟಲಿನಿಂದ ಅಂಥ ಸದ್ದು ಹೊರಟಿದ್ದಕ್ಕೆ ನನ್ನಲ್ಲಿ ದಾಖಲೆಯಿಲ್ಲ. ಚಾಲಕ ಬ್ರೇಕ್ ಒತ್ತಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

“ಯಾರ್ರೀ ಅಂವ?” ಎಂದು ಹಾವೇರಿ ಕಡೆಯ ಕಂಡಕ್ಟರ್ ನುಗ್ಗಿ ಬಂದ.

“ಇವನೇಯಾ!” ಪಕ್ಕದ ಹೆಂಗಸಿನ ಬೆರಳು ನನ್ನ ಮೂಗಿನ ಮುಂದಿತ್ತು. “ಹತ್ತಿದಾಗಿಂದ ಆ ಹುಡುಗಿನ್ನೇ ನೋಡಿ ಬರ್ಕಳ್ತಾ ಇದ್ದ. ಕೋಲಸಿರ್ಸಿ ಅಂತ ಸುಳ್ಳು ಬೇರೆ! ಮನಿ ಹೆಸ್ರಿಲ್ಲ ಇವಂಗೆ!”

ಕಂಡಕ್ಟರ್ ನನ್ನ ಮಣಿಕಟ್ಟು ಹಿಡಿದ. “ಯಜಮಾನ್ರ, ತಲಿ ಬೆಳ್ಳಗಾಗೇತಿ, ನಾಚಿಕಿ ಬರಂಗಿಲ್ಲೇನ್ರೀ? ಆ ಬುಕ್ಕದಾಗ ಏನ್ ಬರದೀರಿ, ತೋರಸ್ರಿ!”

ಪುಸ್ತಕದ ತೆರೆದ ಪುಟದಲ್ಲಿ ‘ಸೀರೆ’, ‘ಕಾಲು’ ಎಂಬ ಶಬ್ದಗಳಿದ್ದವು. ತೋರಿಸುವಂತಿರಲಿಲ್ಲ. ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಎಳೆದೆ. ಮತ್ತೊಮ್ಮೆ ಎಳೆದೆ. ನಾನು ಆತ್ಮರಕ್ಷಣೆ ಮಾಡಿಕೊಳ್ಳುತ್ತಿದ್ದೇನೆಂಬುದೇ ಕಂಡಕ್ಟರನಿಗೆ ತಿಳಿಯಲಿಲ್ಲ; “ನಡುಗಬ್ಯಾಡ್ರಿ,” ಎಂದ. ಆ ಗದ್ದಲದಲ್ಲಿ ಗೆರೆಯಂಗಿಯವನು ಮೆಲ್ಲಗೆ ಬಾಗಿಲ ಕಡೆಗೆ ಜಾರುತ್ತಿದ್ದ. ಅವನು ಇಳಿದುಹೋದರೆ ನಾಳೆ ಮತ್ತೆ ಹತ್ತುತ್ತಾನೆ, ಮತ್ತು ಅವನನ್ನು ಇಳಿಯಬಿಟ್ಟವನು ನಾನೇ.

ಶಾಲಿನಿ ಚೀಲ, ಕೊಡೆ ಎರಡನ್ನೂ ಯಾರದೋ ಮಡಿಲಿಗೆ ಎಸೆದು ದಾರಿಗೆ ಅಡ್ಡ ನಿಂತಳು. ಒಂದು ಕಾಲು ಮುಂದೆ, ಎರಡು ಮುಷ್ಟಿ ಎದೆಯ ಹತ್ತಿರ. “ಅವ್ರನ್ನ ಬಿಡಿ, ಅವ್ರು ನನ್ನ ಮಾವ. ಕೈ ಹಾಕಿದ್ದು ಇವ!”

ಆತ ಒಮ್ಮೆ ತಳ್ಳಿದ್ದರೆ ನನಗೆ ಬೇಕಾಗಿದ್ದ ಪುರಾವೆ ದೊರೆಯುತ್ತಿತ್ತು. ತಳ್ಳಲಿಲ್ಲ, ಆ ಮುಷ್ಟಿಗಳನ್ನು ನೋಡಿ ಅಲ್ಲಿಯೇ ನಿಂತುಬಿಟ್ಟ. ಆಗ ನನ್ನ ನೆರೆಯ ಹೆಂಗಸು ಎದ್ದು ಅವನತ್ತ ಹೋದಳು. “ಯಾವೂರು? ಯಾರ ಮನಿ? ಅಪ್ಪನ ಹೆಸ್ರೇನು?” ಬಸ್ಸಿಗೆ ಬಸ್ಸೇ ಉತ್ತರಕ್ಕಾಗಿ ಕಾಯಿತು. ಆತ ಹೇಳಿದ. ಮೂರು ಸೀಟು ಹಿಂದಿನಿಂದ ಯಾರೋ, “ಹೌದನಾ! ನಿನ್ನ ಅತ್ತೆ ಮನೆ ನಮ್ಮನೆ ಪಕ್ಕಕ್ಕೇ ಇದ್ದಲಾ!” ಎಂದರು. ಆತನ ಮುಖ ಬಿಳುಚಿಕೊಂಡಿತು. ಆಮೇಲೆ ಅವನು ಆ ಬಸ್ಸಿನಲ್ಲಿ ಕಾಣಿಸಲಿಲ್ಲ.

ಮನೆಯ ಬಾಗಿಲಲ್ಲೇ ತಂಗಿ ಕಾದಿದ್ದಳು. “ಎಂತಾತು? ಉಪಯೋಗ ಇದ್ದಾ, ಇಲ್ಯಾ?”

ನಾನು ಗಂಟಲು ಸರಿಮಾಡಿಕೊಂಡು, ಲಭ್ಯ ಪುರಾವೆಗಳು ನಿರ್ಣಾಯಕವಲ್ಲವೆಂದೂ, ಫಲಕ್ಕೆ ಕರಾಟೆ ಕಾರಣವೋ ಅತ್ತೆಮನೆಯೋ ಎಂಬುದನ್ನು ಪ್ರತ್ಯೇಕಿಸಬೇಕೆಂದೂ ಆರಂಭಿಸಿದೆ.

“ಅಮ್ಮಾ, ಆನು ಕೆಲಸಕ್ಕೆ ಹೋಗ್ತೆ, ಎಂತದೂ ತೊಂದ್ರೆ ಇಲ್ಲೆ,” ಎಂದಳು ಶಾಲಿನಿ, ಚಪ್ಪಲಿ ಬಿಡುತ್ತ. “ಮಾವನ್ನ ಮಾತ್ರ ಒಬ್ನೇ ಬಸ್ಸಿಗೆ ಕಳಿಸದು ಬ್ಯಾಡ. ಇಂದು ಆನು ಇದ್ದಿದ್ದಕ್ಕೆ ಬಿಡಿಸಿಕ್ಯಂಡು ಬಂದೆ.”

ಈ ಹೇಳಿಕೆಯನ್ನು ಖಂಡಿಸುವ ಆಧಾರ ನನ್ನಲ್ಲಿರಲಿಲ್ಲ. ತಂಗಿ ಎಣ್ಣೆ ಬಿಸಿಮಾಡಿ ತಂದಳು. ನಾನು ಮಣಿಕಟ್ಟು ಚಾಚಿದೆ.