ಏನು ಬೇಕೆಂದು ಕೇಳಿ ಬಂದವನ ಹೇಳಿಕೆ

ನಾನು ನಿಂತಿದ್ದದ್ದು ದಾವಣಗೆರೆಯ ಒಂದು ಹತ್ತಿ ಗಿರಣಿಯ ಗೇಟಿನ ಒಳಗೆ, ಟೈಂ ಆಫೀಸಿನ ಕಿಟಕಿಗೂ ಹಾಜರಿ ಕಾರ್ಡು ಸಿಕ್ಕಿಸುವ ಹಲಗೆಗೂ ನಡುವೆ. ಸೋಮವಾರ, ಬೆಳಗಿನ ಏಳರ ಸೈರನ್ ಕೂಗು ಇನ್ನೂ ಆಗಿರಲಿಲ್ಲ. ಎಡಗೈಯಲ್ಲಿ ಆ ವಾರದ ಪಾಳಿಯ ಪಟ್ಟಿ ಇತ್ತು. ಬಲಗೈಯಲ್ಲಿ ಏನೂ ಇರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಸ್ವಲ್ಪ ಹೊತ್ತಿನಲ್ಲೇ ಆ ಕೈಗೆ ಒಂದು ಕೂಸು ಬಂತು. ಮಳೆಯಿರಲಿಲ್ಲ, ಮಂಜಿರಲಿಲ್ಲ, ನನ್ನ ಕಣ್ಣಿಗೆ ಕನ್ನಡಕವೂ ಆಗಿನ್ನೂ ಏರಿರಲಿಲ್ಲ. ಆದ್ದರಿಂದ ಕಂಡದ್ದು ಸರಿಯಾಗಿ ಕಂಡಿತೇ ಎಂಬ ಸಂಶಯ ಯಾರಿಗೂ ಬೇಡ. ಈ ಪ್ರಸಂಗದಲ್ಲಿ ನಾನು ಬರೀ ಸಾಕ್ಷಿ. ಗಿರಣಿಯಲ್ಲಿ ಕೆಲವರು ನನಗೆ ಬೇರೆ ಪದ ಬಳಸುತ್ತಾರೆ. ಅದನ್ನು ಇಲ್ಲಿ ದಾಖಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಹೀಗೆ ನಿಂತ ಜಾಗದಿಂದ ಮಾತು ಶುರುಮಾಡುವುದು ನನ್ನ ಹಳೆಯ ಚಾಳಿ. ಹೆಂಡತಿಗೆ ಇದರಿಂದ ತಲೆನೋವು. “ಬದನೆಕಾಯಿ ಯಾಕೆ ತರಲಿಲ್ಲ ಅಂದರೆ, ‘ನಾನು ಗಡಿಯಾರದ ಕಂಬದ ಎಡಗಡೆ ನಿಂತಿದ್ದೆ’ ಅಂತ ಆರಂಭಿಸ್ತೀರಿ. ಬದನೆಕಾಯಿ ಹತ್ತಿರ ಬರೋ ಹೊತ್ತಿಗೆ ಅನ್ನ ಆರಿರುತ್ತೆ” ಎನ್ನುತ್ತಾಳೆ. ಆದರೆ ಆ ಸೋಮವಾರ ನಡೆದದ್ದು ಬದನೆಕಾಯಿಯಷ್ಟು ಹಗುರವಲ್ಲ. ನೆನೆದರೆ ಇಂದಿಗೂ ನನ್ನ ಬಲ ಭುಜ ತಾನಾಗಿ ತುಸು ಬಾಗುತ್ತದೆ.

ನಾನು ಆ ಗಿರಣಿಯ ಟೈಂ ಆಫೀಸಿನಲ್ಲಿ ಗುಮಾಸ್ತ. ಮನೆ ಹರಿಹರದಲ್ಲಿ. ಬೆಳಗಿನ ರೈಲು ಹಿಡಿದು ಬಂದು, ಕೂಗಿಗೆ ಮೊದಲೇ ಗೇಟಿನಲ್ಲಿ ನಿಂತು, ಒಳಗೆ ಹೋದವರ ಹೆಸರಿನ ಮುಂದೆ ಗೆರೆ ಎಳೆಯುವುದು ನನ್ನ ಕೆಲಸ. ಹೆಂಗಸರೆಲ್ಲ ರೀಲಿಂಗ್ ವಿಭಾಗದಲ್ಲಿ, ನೂಲನ್ನು ಲಡಿ ಸುತ್ತುವ ಕಡೆ, ಬೆಳಗಿನ ಪಾಳಿಗೇ ಬರುವರು. ಗಂಡಸರಿಗೆ ಮಾತ್ರ ಪಾಳಿ ವಾರ ವಾರಕ್ಕೆ ತಿರುಗುವುದು: ಒಂದು ವಾರ ಬೆಳಗು, ಒಂದು ವಾರ ಮಧ್ಯಾಹ್ನ. ಪಟ್ಟಿಯಲ್ಲಿ ಹಾಗಿತ್ತು. ನಡೆಯುತ್ತಿದ್ದದ್ದು ಬೇರೆ. ಯಾರಿಗೆ ಯಾವ ಪಾಳಿ ಬೇಕೋ ಅವರು ಮತ್ತೊಬ್ಬನ ಜೊತೆ ಗೇಟಿನ ಚಹದಂಗಡಿಯಲ್ಲೇ ಅದಲುಬದಲು ಮಾಡಿಕೊಂಡು ಬರುತ್ತಿದ್ದರು. ನಾನು ಮುಖ ನೋಡದೆ ಗೆರೆ ಎಳೆಯುತ್ತಿದ್ದೆ. ಮುಖ ನೋಡುವುದು ನನ್ನ ಕೆಲಸವೆಂದು ಯಾರೂ ನನಗೆ ಹೇಳಿರಲಿಲ್ಲ.

ಮಧ್ಯಾಹ್ನದ ಪಾಳಿ ಬದಲಾಗುವಾಗ ಗೇಟಿನಲ್ಲಿ ಒಂದು ನೋಟ ಇರುತ್ತಿತ್ತು. ಒಳಗೆ ಬರುವ ಗಂಡ ಹೆಗಲ ಮೇಲೆ ಕೂಸು ಹೊತ್ತು ತರುವನು. ಹೊರಗೆ ಹೋಗುವ ಹೆಂಡತಿ ಸೆರಗಿನ ಹತ್ತಿಯ ಚೂರು ಕೊಡವಿಕೊಂಡು ಕೂಸನ್ನು ಎತ್ತಿಕೊಳ್ಳುವಳು. “ಹಾಲು ಕುಡೀತಾ?” “ಕುಡೀತು.” ಅಷ್ಟೇ ಮಾತು. ಅವನು ಒಳಗೆ, ಅವಳು ಹೊರಗೆ. ನಾನು ಇದನ್ನು ವರ್ಷಗಟ್ಟಲೆ ನೋಡಿದೆ. ಎಷ್ಟು ಚೆನ್ನಾಗಿದೆ ಎಂದೂ ಅಂದುಕೊಂಡೆ. ಇದು ಇಲ್ಲದಿದ್ದರೆ ಏನಾಗುತ್ತದೆ ಎಂದು ಒಂದು ದಿನವೂ ಅಂದುಕೊಳ್ಳಲಿಲ್ಲ.

ಆಗ ಬಂತು ಯಂತ್ರ. ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು ಅದರ ಬಾಯಿಗೆ ಕೊಟ್ಟರೆ, ಆ ತೂತುಗಳನ್ನು ಓದಿ, ತಟತಟನೆ ಕಾರ್ಡುಗಳನ್ನು ಬೇರೆ ಬೇರೆ ಗೂಡಿಗೆ ಹಾಕುತ್ತಿತ್ತು. ಇನ್ನು ಮೇಲೆ ಪಾಳಿ ಹಂಚುವುದು ಅದರ ಕೆಲಸ. ಯಾರ ಕಾರ್ಡು ಯಾವ ಪಾಳಿಯ ಹಲಗೆಯಲ್ಲಿದೆಯೋ ಅವರಿಗೆ ಆ ಪಾಳಿಯಲ್ಲಿ ಮಾತ್ರ ಒಳಗೆ ಪ್ರವೇಶ. ಯಂತ್ರದ ಜೊತೆಗೆ ಬೊಂಬಾಯಿಯಿಂದ ಒಬ್ಬ ಸಾಹೇಬರು ಬಂದರು. ಟೈ ಕಟ್ಟಿದ, ಮೃದು ಮಾತಿನ ಮನುಷ್ಯ. ಅವರು ಮ್ಯಾನೇಜರ ಎದುರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿದರು: “ಯಂತ್ರವನ್ನು ಕೆಲಸಕ್ಕೆ ಹಚ್ಚುವ ಮೊದಲು ಯಾರಿಗೆ ಏನು ಬೇಕೆಂದು ತಿಳಿಯಬೇಕು. ಎಲ್ಲರನ್ನೂ ಕೇಳಿ, ಬರೆದು ಕೊಡಿ. ಬರೆಯದೇ ಇದ್ದದ್ದು ಯಂತ್ರಕ್ಕೆ ಗೊತ್ತಾಗುವುದಿಲ್ಲ.” ಮ್ಯಾನೇಜರು ಸುತ್ತ ನೋಡಿದರು. ಕೈಯಲ್ಲಿ ಪೆನ್ಸಿಲು ಇದ್ದವನು ನಾನೊಬ್ಬನೇ.

ಹೀಗೆ ಗಿರಣಿಯ ಅಗತ್ಯಗಳನ್ನು ತಿಳಿಯುವ ಹೊಣೆ ನನಗೆ ಬಂತು. ನನ್ನ ಅಗತ್ಯಗಳೇ ಏನೆಂದು ಮನೆಯಲ್ಲಿ ಹೆಂಡತಿಯನ್ನು ಕೇಳಿ ತಿಳಿದುಕೊಳ್ಳುವವನು ನಾನು. ಆದರೂ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ. ಅಧಿಕಾರಿಗಳ ಕಡೆ ತೊಂದರೆಯಾಗಲಿಲ್ಲ. ನೇಯ್ಗೆ ವಿಭಾಗದ ಮಾಸ್ತರರಿಗೆ ಪಟ್ಟಿ ನೀಲಿ ಕಾಗದದ ಮೇಲೆ ಬೇಕಿತ್ತು. ಉಗ್ರಾಣದವರಿಗೆ ಯಂತ್ರದ ಜೊತೆಗೆ ಒಂದು ಹೊಸ ಕುರ್ಚಿ ಬರಬೇಕಿತ್ತು. ಮ್ಯಾನೇಜರಿಗೆ ಎಲ್ಲ ಗಂಡಾಳುಗಳ ಪಾಳಿಯೂ ತಪ್ಪದೆ ತಿರುಗಬೇಕಿತ್ತು. ಎಲ್ಲವನ್ನೂ ಬರೆದೆ.

ಆಮೇಲೆ ರೀಲಿಂಗ್ ವಿಭಾಗಕ್ಕೆ ಹೋದೆ. ಮೊದಲು ಸಿಕ್ಕವಳು ಗಂಗವ್ವ. ಆವರಗೆರೆಯವಳು, ಗಂಡ ಹಾಲಪ್ಪ ನಮ್ಮಲ್ಲೇ ಮಗ್ಗದ ಮೇಲಿದ್ದ. ಅವಳಿನ್ನೂ ಬದಲಿ ಆಳು, ಅಂದರೆ ಕಾಯಂ ಆಗಿರಲಿಲ್ಲ. ಆ ತಿಂಗಳು ಒಂದು ದಿನವೂ ತಪ್ಪಿಸದೆ ಬಂದರೆ ಕಾಯಂ ಮಾಡುವುದಾಗಿ ಹೇಳಿದ್ದರು. ಇದು ನನಗೆ ಗೊತ್ತಿತ್ತು. ಸಾಕ್ಷಿಯಾಗಿ ಇದನ್ನೂ ಹೇಳಲೇಬೇಕು.

“ಪಾಳಿ ವಿಚಾರದಲ್ಲಿ ನಿನಗೇನು ಬೇಕಮ್ಮ?” ಎಂದೆ, ಪೆನ್ಸಿಲು ಎತ್ತಿಕೊಂಡು.

“ನಮಗೇನು ಬೇಕ್ರಿ ಅಣ್ಣಾರೆ? ಏನೂ ಬ್ಯಾಡ್ರಿ. ನೀವು ಹೆಂಗೆ ಬರದ್ರೂ ನಡೀತೈತೆ” ಎಂದಳು.

“ಏನೂ ಬ್ಯಾಡ” ಎಂದು ಬರೆದುಕೊಂಡೆ. ಪಕ್ಕದವಳನ್ನು ಕೇಳಿದೆ. ಅವಳು, “ಗಂಗಕ್ಕ ಹೇಳಿದ್ಲಲ್ರಿ, ನಂದೂ ಹಂಗೇ” ಎಂದಳು. ಹಾಲಪ್ಪನ ಕಡೆ ಹೋದರೆ ಅವನು ಮಗ್ಗದ ಸದ್ದಿನ ಮೇಲೆ ಕೂಗಿ, “ಕೊಡೋರಂಗೆ ಕೇಳ್ತೀರಲ್ರಿ! ಏನೂ ಬ್ಯಾಡ ಬಿಡ್ರಿ!” ಎಂದ. ಸಂಜೆಯ ಹೊತ್ತಿಗೆ ನನ್ನ ಬಳಿ ಪುಟಗಟ್ಟಲೆ “ಏನೂ ಬ್ಯಾಡ” ಸೇರಿತು. ಇಷ್ಟು ತೃಪ್ತ ಜನ ಇರುವ ಗಿರಣಿಗೆ ಯಂತ್ರವಾದರೂ ಯಾಕೆ ಎನ್ನಿಸಿತು.

ನಾನು ಈ ಸೀಮೆಯಲ್ಲೇ ಹುಟ್ಟಿದವನು. ನಮ್ಮಲ್ಲಿ ಏನು ಬೇಕೆಂದು ಕೇಳಿದರೆ ಮೊದಲ ಸಲ ಬ್ಯಾಡ ಎನ್ನುವುದು ಮರ್ಯಾದೆ. ಎರಡನೆಯ ಸಲವೂ ಬ್ಯಾಡ. ಮೂರನೆಯ ಸಲ ಕೈ ಹಿಡಿದು ಕೂಡಿಸಿದರೆ ಆಗ ನಿಜವಾದ ಮಾತು. ಮದುವೆಯಾದ ಹೊಸತಿನಲ್ಲಿ ನಾನೇ ಒಮ್ಮೆ ಮಾವನ ಮನೆಯಲ್ಲಿ ಎರಡನೆಯ ಹೋಳಿಗೆಗೆ ಬ್ಯಾಡ ಎಂದೆ. ನಮ್ಮತ್ತೆ ಮೈಸೂರು ಕಡೆಯವರು, ಹೇಳಿದ್ದನ್ನು ಹೇಳಿದಂತೆ ನಂಬುವವರು. ಹೋಳಿಗೆಯ ಬುಟ್ಟಿ ಹಾಗೇ ಮುಂದಕ್ಕೆ ಹೋಯಿತು. ಅದು ನನ್ನ ಬೆನ್ನ ಹಿಂದೆ ಅಡಿಗೆಮನೆ ಸೇರುವವರೆಗೂ ನಾನು ತಿರುಗಿ ತಿರುಗಿ ನೋಡಿದೆ ಎಂದು ಹೆಂಡತಿ ಇಂದಿಗೂ ನಗುತ್ತಾಳೆ. ಇಷ್ಟು ಅನುಭವಿಸಿದವನು ಗಿರಣಿಯಲ್ಲಿ ಯಾಕೆ ಎಚ್ಚರಾಗಲಿಲ್ಲ? ನನಗೆ ತೋಚುವ ಕಾರಣ ಒಂದೇ. ಕೈಯಲ್ಲಿ ಪೆನ್ಸಿಲು ಇದ್ದರೆ ಮನುಷ್ಯ ಹುಟ್ಟಿದೂರು ಮರೆಯುತ್ತಾನೆ.

ಯಂತ್ರ ಪಟ್ಟಿ ಮಾಡಿತು. ಶನಿವಾರ ಅದನ್ನು ಗೋಡೆಗೆ ಹಚ್ಚಿದೆವು, ನೀಲಿ ಕಾಗದದ ಮೇಲೆ. ಹಾಲಪ್ಪ ಬಂದು ನೋಡಿ, “ನಂಗೆ ಬೆಳಗಿನ ಪಾಳಿ ಬಿದ್ದೈತ್ರಿ. ತಿಪ್ಪೇಶಿ ಜತಿಗೆ ಬದಲಿ ಮಾಡ್ಕೊಂತೀನಿ, ಎಂದಿನಂಗೆ” ಎಂದ.

“ಇನ್ನು ಹಾಗೆಲ್ಲ ಆಗೋದಿಲ್ಲಪ್ಪ. ಕಾರ್ಡು ಇದ್ದ ಪಾಳಿಗೇ ಬರಬೇಕು. ಯಂತ್ರ ಮಾಡಿದ್ದು.”

“ಯಂತ್ರಕ್ಕೆ ಮಕ್ಳು ಅದಾವೇನ್ರಿ?” ಎಂದು ಕೇಳಿ ಅವನು ಹೊರಟುಹೋದ. ತಮಾಷೆ ಮಾಡಿದನೆಂದು ತಿಳಿದು ನಾನು ರೈಲಿನಲ್ಲಿ ಹರಿಹರದವರೆಗೂ ನಕ್ಕೆ.

ಈಗ ಸೋಮವಾರಕ್ಕೆ ಬರೋಣ. ಗೇಟಿನಲ್ಲಿ ಹಾಲಪ್ಪ, ಅವನ ಹೆಗಲ ಮೇಲೆ ಮಗಳು ಕಮಲಿ, ಪಕ್ಕದಲ್ಲಿ ರೊಟ್ಟಿಗಂಟು ಹಿಡಿದ ಗಂಗವ್ವ. ಇಬ್ಬರ ಕಾರ್ಡೂ ಬೆಳಗಿನ ಹಲಗೆಯಲ್ಲೇ. ಹಾಲಪ್ಪನಿಗೆ ಗೈರುಹಾಜರಿಯ ನೋಟೀಸು ಆಗಲೇ ಒಂದು ಬಂದಿತ್ತು; ಇನ್ನೊಂದು ಬಂದರೆ ಮಗ್ಗ ಹೋಗುತ್ತಿತ್ತು. ಗಂಗವ್ವ ಅವತ್ತು ತಪ್ಪಿಸಿದರೆ ಕಾಯಂ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕೂಗು ಶುರುವಾಯಿತು.

“ನೀನು ಹೋಗು, ನಾನು ಮನಿಗೆ ಹೋಗ್ತೀನಿ” ಎಂದ ಹಾಲಪ್ಪ.

“ನೋಟೀಸು ಮರತ್ಯಾ? ನೀನು ಹೋಗು” ಎಂದಳು ಗಂಗವ್ವ. ಕೂಗು ನಿಂತಿತು. ಗೇಟಿನ ಬಸಣ್ಣ ಸಲಾಕೆ ಹಿಡಿದು ನನ್ನ ಕಡೆ ತಿರುಗಿ, “ಸಾಹೇಬ್ರೆ, ಗೇಟು ಹಾಕ್ಲೋ ಬ್ಯಾಡೋ? ಹೇಳ್ರಿ ಲಗೂನ” ಎಂದ.

ನಾನು ಹಿಂದಿನಂತೆ ಮುಖ ನೋಡದೆ ಇರಲು ಪ್ರಯತ್ನಿಸಿದೆ. ಆಗಲಿಲ್ಲ. ಗಂಗವ್ವ ಗಂಡನ ಹೆಗಲಿಂದ ಕೂಸನ್ನು ಇಳಿಸಿ, ಒಂದು ಕ್ಷಣ ತಡೆದು, ನನ್ನ ಬಲಗೈಗೆ ಕೊಟ್ಟಳು.

“ಏನು ಬೇಕು ಅಂತ ಕೇಳಿದ್ರಲ್ರಿ ಅಣ್ಣಾರೆ. ಈಗ ಹೇಳ್ತೀನಿ, ಬರ್ಕೊಳ್ರಿ. ಇದನ್ನ ನೋಡ್ಕೊಳ್ಳೋರು ಬೇಕು.”

ಗಂಡ ಹೆಂಡತಿ ಇಬ್ಬರೂ ಒಳಗೆ ಓಡಿದರು. ಹಿಂದೆಯೇ ಬಂದ ಇನ್ನೊಬ್ಬಳು ಇದನ್ನು ನೋಡಿ, “ಜತಿಗಿರ್ಲಿ, ಆಡ್ಕೊಂಡಿರ್ತಾವೆ” ಎಂದು ತನ್ನ ಮಗನನ್ನೂ ನನ್ನ ಮೇಜಿನ ಮೇಲೆ ಕೂಡಿಸಿ ನಡೆದಳು. ಬಸಣ್ಣ ಗೇಟು ಹಾಕಿದ. ಬರೆದುಕೊಳ್ಳಲು ನನಗೆ ಕೈ ಖಾಲಿ ಇರಲಿಲ್ಲ.

ಸರಿಯಾಗಿ ಆಗಲೇ ಮ್ಯಾನೇಜರು ಬೊಂಬಾಯಿ ಸಾಹೇಬರನ್ನು ಕರೆದುಕೊಂಡು, ಹೊಸ ವ್ಯವಸ್ಥೆಯ ಮೊದಲ ದಿನವನ್ನು ತೋರಿಸಲು ಬಂದರು.

“ಏನ್ರೀ ಇದು?” ಎಂದರು ಮ್ಯಾನೇಜರು.

“ಬರೆಯುವಾಗ ಬಿಟ್ಟುಹೋದ ಅಗತ್ಯ, ಸಾರ್” ಎಂದೆ. ಕೂಸು ಅಷ್ಟರಲ್ಲಿ ನೀಲಿ ಪಟ್ಟಿಯ ಒಂದು ಮೂಲೆಯನ್ನು ತಿಂದಿತ್ತು.

ಸಾಹೇಬರು ಎಲ್ಲವನ್ನೂ ಕೇಳಿ, ನನ್ನ “ಏನೂ ಬ್ಯಾಡ”ಗಳನ್ನು ಇಂಗ್ಲಿಷಿನಲ್ಲಿ ಹೇಳಿಸಿಕೊಂಡು, ಯಂತ್ರದ್ದೇನೂ ತಪ್ಪಿಲ್ಲ, ಕೊಟ್ಟದ್ದನ್ನು ಕೊಟ್ಟಂತೆ ವಿಂಗಡಿಸಿದೆ ಎಂದರು. ಮ್ಯಾನೇಜರು ಒಮ್ಮೆ ಯಂತ್ರದ ಕೋಣೆಯ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಯಂತ್ರ ಬಾಡಿಗೆಯದು, ಬೈಯುವಂತಿರಲಿಲ್ಲ. ನಾನು ಸ್ವಂತದವನು. ಹೊಸ ಕಾರ್ಡು ಆಗುವವರೆಗೆ ಕೂಸುಗಳು ಟೈಂ ಆಫೀಸಿನಲ್ಲೇ, ನನ್ನ ಸುಪರ್ದಿಯಲ್ಲೇ ಇರಬೇಕೆಂದು ತೀರ್ಮಾನವಾಯಿತು.

ಆ ದಿನಗಳನ್ನು ವಿವರಿಸಲಾರೆ. ಕಮಲಿ ಅತ್ತಾಗ ಅಭ್ಯಾಸಬಲದಿಂದ “ಏನು ಬೇಕು?” ಎಂದು ಕೇಳುತ್ತಿದ್ದೆ. ಗಿರಣಿಯಲ್ಲಿ ಬ್ಯಾಡ ಎನ್ನದವಳು ಅವಳೊಬ್ಬಳೇ. ಆದರೆ ಏನು ಬೇಕೆಂದೂ ತಿಳಿಯುತ್ತಿರಲಿಲ್ಲ. ಬಿಡುವಿನಲ್ಲಿ ಹಾಲೂಡಿಸಲು ಬಂದ ಗಂಗವ್ವ, “ಹಂಗೆ ಹಿಡಿತಾರೇನ್ರಿ ಅಣ್ಣಾರೆ? ಕೂಸ್ರೀ ಅದು, ಕುಂಬಳಕಾಯಿ ಅಲ್ಲ” ಎಂದು ನನ್ನ ತೋಳನ್ನು ಸರಿಮಾಡಿ ಹೋದಳು. ಮಕ್ಕಳನ್ನು ಎತ್ತಿಕೊಳ್ಳುವ ವಿದ್ಯೆ ನನಗೆ ಗಿರಣಿಯ ಖರ್ಚಿನಲ್ಲಿ ಬಂತು. ಹೆಂಡತಿಗೆ ಮಾತ್ರ ಇದರಿಂದ ಸಂತೋಷವಾಯಿತು. ನಮ್ಮ ಮನೆಯಲ್ಲೂ ತೊಟ್ಟಿಲಿನ ಮಾತು ಬಂದಿದ್ದ ಕಾಲ ಅದು.

ಸಾಹೇಬರು ನನ್ನನ್ನು ಮತ್ತೆ ಕೇಳಿಬರಲು ಕಳಿಸಿದರು. ಈ ಸಲ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಕಮಲಿಯನ್ನು ಎತ್ತಿಕೊಂಡೇ ಹೋಗಿ, ನೂಲಿನ ಮೂಟೆಯ ಮೇಲೆ ಕುಳಿತೆ. ಏನು ಬೇಕೆಂದು ಕೇಳಲಿಲ್ಲ. “ಬೆಳಿಗ್ಗೆ ಎದ್ದ ಮೇಲೆ ಮನೆಯಲ್ಲಿ ಏನೇನು ನಡೀತದೆ, ಹೇಳ್ರಮ್ಮ” ಎಂದೆ. ಮಾತು ಹರಿಯತೊಡಗಿತು. ಯಾರ ಅತ್ತೆಗೆ ಕಣ್ಣು ಕಾಣದು, ಯಾರ ಬೀದಿಯ ನಲ್ಲಿಗೆ ಯಾವಾಗ ನೀರು, ಯಾರ ಕೂಸು ಯಾರ ಕೈಗೆ ಹೋಗುತ್ತದೆ, ಎಲ್ಲ ಬಂತು. ಊಟದ ಬಿಡುವು ಮುಗಿದರೂ ನಿಲ್ಲಲಿಲ್ಲ. ಕಡೆಗೆ ಕಾರ್ಡಿನಲ್ಲಿ ಒಂದು ಹೊಸ ತೂತಿಗೆ ಜಾಗ ಮಾಡಿದರು: ಮನೆಯಲ್ಲಿ ಕೂಸಿದೆ, ಗಂಡ ಹೆಂಡತಿ ಒಂದೇ ಪಾಳಿಗೆ ಬೀಳಬಾರದು ಎಂಬುದರ ಗುರುತು. ಯಂತ್ರ ಅದನ್ನು ಒಂದು ಸಲವೂ ಮರೆಯಲಿಲ್ಲ. ಅಷ್ಟು ದೊಡ್ಡ ಯಂತ್ರ ತಂದು, ಬೊಂಬಾಯಿಯಿಂದ ಮನುಷ್ಯನನ್ನು ಕರೆಸಿ ನಾವು ಸಾಧಿಸಿದ್ದೇನೆಂದರೆ, ಮೊದಲು ನನ್ನ ಸೋಮಾರಿತನ ತಾನಾಗಿ ನಡೆಸುತ್ತಿದ್ದ ಕೆಲಸವನ್ನು ಶಾಸ್ತ್ರೋಕ್ತವಾಗಿ ನಡೆಸಿದ್ದು. ಗಂಗವ್ವ ಆ ತಿಂಗಳ ಕೊನೆಗೆ ಕಾಯಂ ಆದಳು.

ಇದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಬಸಣ್ಣ ಕೆಲಸ ಬಿಟ್ಟು ಲೋಕಿಕೆರೆಯಲ್ಲಿದ್ದಾನೆ. ಗೇಟು ತಾನು ಹೊತ್ತಿಗೆ ಸರಿಯಾಗಿ ಹಾಕಿದೆ ಎಂಬುದನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ಮ್ಯಾನೇಜರು ಬೇರೆ ಊರಿಗೆ ಹೋದರು. ಇದ್ದಾರೆ, ಆದರೆ ಕೂಸು ಪಟ್ಟಿ ತಿಂದದ್ದು ಮಾತ್ರ ಅವರಿಗೆ ನೆನಪು. ಹಾಲಪ್ಪ, ಗಂಗವ್ವ ಆವರಗೆರೆಯಲ್ಲೇ ಇದ್ದಾರೆ. ಕೇಳಿದವರಿಗೆಲ್ಲ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ಇನ್ನು ಕಮಲಿ. ಅಂದಿನ ಘಟನೆಯನ್ನು ಅವಳಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿಲ್ಲ. ಈಗ ಶಾಲೆಗೆ ಹೋಗುತ್ತಿದ್ದಾಳೆ. ಮೊನ್ನೆ ಗೇಟಿನ ಹತ್ತಿರ ತಾಯಿಯ ಜೊತೆ ಸಿಕ್ಕಾಗ ನನ್ನನ್ನು ನೋಡಿ ಸೆರಗಿನ ಹಿಂದೆ ಸರಿದಳು. ಆಮೇಲೆ ಸೆರಗಿನ ಅಂಚಿನಿಂದ ನನ್ನ ಬಲಗೈಯನ್ನೇ ಬಹಳ ಹೊತ್ತು ದಿಟ್ಟಿಸಿದಳು. ಸಾಕ್ಷಿ ನುಡಿಯುವ ವಯಸ್ಸು ಅವಳಿಗಿನ್ನೂ ಬಂದಿಲ್ಲ. ಬರುವುದರೊಳಗೆ ನನ್ನ ಹೇಳಿಕೆ ದಾಖಲಾಗಿಬಿಡಲಿ ಎಂದು ಇಷ್ಟನ್ನು ಬರೆದೆ.